ಚುಕ್ಕಿಗೆ ಕ್ಲಿಕ್ಕರ್ ಹಿಡಿದು ಕಲಿಸಿದ್ದು

ನಮ್ಮ ನಾಯಿಮರಿ ಚುಕ್ಕಿ ಮನೆಗೆ ಬಂದಾಗ ಅವಳಿಗೆ 9 ವಾರ. ಮೊದಲ ಮೂರು ದಿನ ನಾನು ಅವಳಿಗೆ ಹೇಳಿದ್ದು ಒಂದೇ ಮಾತು, ‘ಬೇಡ’. ಚಪ್ಪಲಿ ಕಚ್ಚಿದರೆ ಬೇಡ, ಪರದೆ ಎಳೆದರೆ ಬೇಡ, ಕಾಲಿಗೆ ಹಲ್ಲು ಹಾಕಿದರೆ ಬೇಡ. ಮೂರನೇ ದಿನ ಸಂಜೆ ಕೂತು ಯೋಚನೆ ಮಾಡಿದೆ. ಈ ಮರಿಗೆ ಏನು ಮಾಡಬಾರದು ಅಂತ ನೂರು ಸಲ ಹೇಳಿದ್ದೇನೆ, ಏನು ಮಾಡಬೇಕು ಅಂತ ಒಂದು ಸಲವೂ ಹೇಳಿಲ್ಲ. ಕ್ಲಿಕ್ಕರ್ ತಂದದ್ದು ಅದಕ್ಕೇ.

ನೋಡದವರಿಗೆ ಹೇಳುತ್ತೇನೆ. ಅಂಗೈಯಲ್ಲಿ ಮುಚ್ಚಿ ಹಿಡಿಯುವಷ್ಟು ಚಿಕ್ಕ ಪ್ಲಾಸ್ಟಿಕ್ ಡಬ್ಬಿ, ಒಳಗೆ ಒಂದು ಲೋಹದ ಪಟ್ಟಿ, ಒತ್ತಿದರೆ ‘ಟಕ್’ ಅನ್ನುತ್ತದೆ. ಅಷ್ಟೇ. ಆ ಟಕ್‌ಗೆ ನಾವು ಒಂದು ಅರ್ಥ ಕೊಡುತ್ತೇವೆ: ‘ಈಗ ಮಾಡಿದೆಯಲ್ಲ, ಅದೇ ಸರಿ, ಟ್ರೀಟ್ ಬರ್ತಾ ಇದೆ’. ಬಾಯಲ್ಲೇ ‘ಗುಡ್ ಗರ್ಲ್’ ಅಂದರೆ ಆಗಲ್ವಾ ಅಂತ ಮನೆಯಲ್ಲಿ ಕೇಳಿದರು. ಆಗುತ್ತದೆ, ಆದರೆ ಆ ಮಾತನ್ನು ನಾವು ದಿನವಿಡೀ ಸುಮ್ನೆ ಮುದ್ದಿಗೂ ಹೇಳುತ್ತಿರುತ್ತೇವೆ, ಹೇಳುವ ದನಿ ಒಂದೊಂದು ಸಲ ಒಂದೊಂದು ಥರ ಇರುತ್ತದೆ, ಬಾಯಿಂದ ಹೊರಡುವುದೂ ನಿಧಾನ. ಮರಿ ಕೂತಿದ್ದು ಒಂದು ಕ್ಷಣ. ನಾವು ಹೊಗಳಿ, ಟ್ರೀಟ್ ಹುಡುಕಿ, ಬಾಯಿಗೆ ಇಡುವಷ್ಟರಲ್ಲಿ ಅದು ಎದ್ದು ನಿಂತಿರುತ್ತದೆ. ಅಂದರೆ ಟ್ರೀಟ್ ಸಿಕ್ಕಿದ್ದು ಎದ್ದು ನಿಂತದ್ದಕ್ಕೆ ಅಂತಾಯಿತು.

ಡಾಲ್ಫಿನ್ ಕಲಿಸುವವರಿಗೂ ಇದೇ ತೊಂದರೆ. ನೀರಿನಿಂದ ಮೇಲಕ್ಕೆ ಹಾರಿದ ಪ್ರಾಣಿಗೆ ಗಾಳಿಯಲ್ಲೇ ಮೀನು ಕೊಡೋಕೆ ಆಗಲ್ಲ, ಅದಕ್ಕೆ ಅವರು ಸೀಟಿ ಊದುತ್ತಾರೆ. 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್‌ಗಳಿಗೆ ಹಾಗೆ ಕಲಿಸುತ್ತಿದ್ದ ಕರೆನ್ ಪ್ರಯರ್ ಅವರಿಂದಲೇ 1990ರ ದಶಕದಲ್ಲಿ ಈ ಕ್ಲಿಕ್ಕರ್ ವಿಧಾನ ನಾಯಿ ಸಾಕುವವರಲ್ಲಿ ಜಾಸ್ತಿ ಹರಡಿದ್ದು.

ಮರಿಯ ಹತ್ತಿರ ಹೋಗುವ ಮೊದಲು ನಾನು ಒಬ್ಬನೇ ಅಭ್ಯಾಸ ಮಾಡಿದೆ. ಬಾಗಿಲು ಹಾಕಿಕೊಂಡು ಚೆಂಡನ್ನು ಮೇಲಿಂದ ಬಿಡುವುದು, ಅದು ನೆಲ ಮುಟ್ಟಿದ ಕ್ಷಣಕ್ಕೆ ಒತ್ತುವುದು. ಮೊದಮೊದಲು ಚೆಂಡು ಪುಟಿದು ಅರ್ಧ ಮೇಲೆ ಬಂದ ಮೇಲೆ ಟಕ್ ಅನ್ನುತ್ತಿತ್ತು. ಐದೈದು ನಿಮಿಷದಂತೆ ಎರಡು ದಿನ ಮಾಡಿದ ಮೇಲೆ ಬೆರಳು ಸರಿಯಾಯಿತು. ಈ ಹಂತವನ್ನು ಯಾರೂ ಬಿಡಬೇಡಿ. ಬಾಗಿಲು ಹಾಕಿಕೊಳ್ಳುವುದೂ ಮುಖ್ಯ, ಯಾಕೆಂದರೆ ಟ್ರೀಟ್ ಇಲ್ಲದ ಟಕ್ ಮರಿಯ ಕಿವಿಗೆ ಬೀಳಬಾರದು.

ಆಮೇಲೆ ಚುಕ್ಕಿಯನ್ನು ಕೂರಿಸಿಕೊಂಡು ಮೊದಲ ಸಲ ಒತ್ತಿದೆ. ಅವಳು ಓಡಿಹೋಗಿ ಮಂಚದ ಕೆಳಗೆ ಸೇರಿಕೊಂಡಳು. ನನಗೆ ತುಂಬಾ ಬೇಜಾರಾಯಿತು. ಆ ಪುಟ್ಟ ಕಿವಿಗೆ ಆ ಶಬ್ದ ಎಷ್ಟು ಜೋರಾಗಿ ಕೇಳಿಸಿರಬೇಕು! ಮಾರನೇ ದಿನ ಕ್ಲಿಕ್ಕರನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿನೊಳಗೆ ಇಟ್ಟುಕೊಂಡೇ ಒತ್ತಿದೆ. ಸಣ್ಣಗೆ ಕೇಳಿತು, ಹೆದರಲಿಲ್ಲ. ನಾಲ್ಕು ದಿನದಲ್ಲಿ ಬಟ್ಟೆಯ ಒಂದೊಂದು ಸುತ್ತು ಕಮ್ಮಿ ಮಾಡುತ್ತಾ ಬಂದೆ. ಅದಕ್ಕೂ ಹೆದರುವ ಮರಿಯಾದರೆ ಬಾಲ್‌ಪೆನ್ನಿನ ಟಕ್ ಸಾಕು, ಅಥವಾ ಒಂದು ಚಿಕ್ಕ ಪದ. ಕೈ ಖಾಲಿ ಇಲ್ಲದಾಗ ಬೇಕಾಗುತ್ತದೆ ಅಂತ ನಾನೂ ಒಂದು ಪದ ಇಟ್ಟುಕೊಂಡೆ, ‘ಸೈ’. ಚಿಕ್ಕ ಮಾತು, ಮನೆಯಲ್ಲಿ ಬೇರೆ ಯಾವುದಕ್ಕೂ ಬಳಸುವುದಿಲ್ಲ.

ಮೊದಲ ಪಾಠದಲ್ಲಿ ಮರಿ ಏನೂ ಮಾಡಬೇಕಾಗಿಲ್ಲ. ಟಕ್, ಟ್ರೀಟ್. ಟಕ್, ಟ್ರೀಟ್. ಒಂದು ಸಲಕ್ಕೆ ಹತ್ತು ಹನ್ನೆರಡು ಸಾರಿ. ಎರಡನೇ ದಿನ ಅವಳು ಕಿಟಕಿ ಕಡೆ ನೋಡುತ್ತಿದ್ದಾಗ ಒತ್ತಿದೆ, ಕತ್ತು ಥಟ್ಟನೆ ನನ್ನ ಕಡೆ ತಿರುಗಿತು. ಅರ್ಥ ಕೂತಿದೆ ಅಂತ ಆಗ ಗೊತ್ತಾಗುತ್ತದೆ. ಟ್ರೀಟ್ ಅಂದರೆ ಬಟಾಣಿ ಕಾಳಿಗಿಂತ ಚಿಕ್ಕ ತುಣುಕು, ಮೆತ್ತಗಿರಬೇಕು, ಅಗಿಯುತ್ತಾ ಕೂರುವಂತಿರಬಾರದು. ನಾನು ಉಪ್ಪು ಹಾಕದೆ ಬೇಯಿಸಿದ ಚಿಕನ್ ಚೂರು, ಮತ್ತೆ ಅವಳ ಊಟದ್ದೇ ಒಂದಷ್ಟು ಪಪ್ಪಿ ಫುಡ್ ಬಳಸಿದೆ, ಅಷ್ಟನ್ನು ಊಟದಲ್ಲಿ ಕಳೆದೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಸೇರಿದ್ದು ಯಾವುದೂ ಬೇಡ, ಅವು ನಾಯಿಗೆ ವಿಷ.

ಒಂದು ವಾರ ಕಳೆದರೂ ಏನೋ ಸರಿ ಹೋಗುತ್ತಿಲ್ಲ ಅನ್ನಿಸಿತು. ಅವಳು ಕಲಿಯುತ್ತಿದ್ದಳು, ಆದರೆ ಕಣ್ಣೆಲ್ಲ ನನ್ನ ಬಲಗೈ ಮೇಲೆಯೇ. ಫೋನನ್ನು ಮೇಜಿಗೆ ಒರಗಿಸಿ ವಿಡಿಯೊ ಮಾಡಿ ನೋಡಿದೆ. ನಾನು ಒತ್ತುವ ಮೊದಲೇ ನನ್ನ ಕೈ ಟ್ರೀಟ್ ಚೀಲದ ಕಡೆ ಹೊರಟಿರುತ್ತಿತ್ತು! ಕೈ ಅಲ್ಲಾಡಿದರೆ ಟ್ರೀಟ್ ಅಂತ ಅವಳು ಕಲಿತಿದ್ದಳು, ಟಕ್ ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಅವತ್ತಿನಿಂದ ಟ್ರೀಟ್ ಬಟ್ಟಲನ್ನು ಹಿಂದಿನ ಮೇಜಿನ ಮೇಲೆ ಇಟ್ಟೆ, ಎರಡೂ ಕೈ ಅಲ್ಲಾಡದೆ ಇರಬೇಕು, ಮೊದಲು ಟಕ್, ಅದು ಕೇಳಿದ ಮೇಲೆ ಕೈ. ಎರಡರ ನಡುವೆ ಅರ್ಧ ಸೆಕೆಂಡ್ ಬಿಟ್ಟರೆ ಸಾಕು. ಒಂದೇ ದಿನದಲ್ಲಿ ಅವಳು ನನ್ನ ಕೈ ಬಿಟ್ಟು ತಾನು ಏನು ಮಾಡುತ್ತಿದ್ದೇನೆ ಅಂತ ಯೋಚಿಸತೊಡಗಿದ್ದು ನನಗೆ ಕಾಣಿಸಿತು.

ಕೂರುವುದನ್ನು ನಾನು ಹೇಳಿಕೊಡಲಿಲ್ಲ, ಬೆನ್ನು ಒತ್ತಿ ಕೂರಿಸಲೂ ಇಲ್ಲ. ನೆಲದ ಮೇಲೆ ಸುಮ್ನೆ ಕಾದೆ. ಮರಿಗಳು ತಾವಾಗಿಯೇ ಕೂರುತ್ತವೆ, ಅಲ್ವಾ? ಅವಳ ಹಿಂಭಾಗ ನೆಲ ಮುಟ್ಟಿದ ಕ್ಷಣಕ್ಕೆ ಟಕ್. ಟ್ರೀಟನ್ನು ಸ್ವಲ್ಪ ದೂರ ಎಸೆದೆ, ಎದ್ದು ಹೋಗಿ ತಿಂದು ಬಂದಳು, ಹಾಗಾಗಿ ಮತ್ತೆ ಕೂರಲು ಅವಕಾಶ ಸಿಕ್ಕಿತು. ಮೂರನೇ ಪಾಠದ ಹೊತ್ತಿಗೆ ನನ್ನ ಮುಂದೆ ಬಂದು ಕೂತು ಮುಖ ನೋಡತೊಡಗಿದಳು. ಪದ ಸೇರಿಸಿದ್ದು ಆಮೇಲೆ, ಈಗ ಕೂತೇ ಕೂರುತ್ತಾಳೆ ಅಂತ ಖಾತ್ರಿಯಾದ ಮೇಲೆ. ಆಗ ಗೊತ್ತಾಯಿತು, ಅಮ್ಮ ‘ಕೂತ್ಕೋ ಪುಟ್ಟಾ’ ಅನ್ನುತ್ತಾಳೆ, ತಮ್ಮ ‘ಸಿಟ್’ ಅನ್ನುತ್ತಾನೆ, ನಾನು ‘ಕೂರು’ ಅನ್ನುತ್ತೇನೆ. ಎಲ್ಲರೂ ‘ಕೂರು’ ಅಂತಲೇ ಹೇಳುವುದು ಅಂತ ಮಾತಾಡಿಕೊಂಡೆವು.

ಮಲಗುವುದಕ್ಕೆ ಮಾತ್ರ ಟ್ರೀಟನ್ನು ಮೂಗಿನಿಂದ ನೆಲದವರೆಗೆ ತಂದು ತೋರಿಸಿದೆ. ಮೂರು ಸಲ ಟ್ರೀಟ್ ಹಿಡಿದು, ನಾಲ್ಕನೇ ಸಲ ಖಾಲಿ ಕೈ. ಅದಕ್ಕಿಂತ ಜಾಸ್ತಿ ಎಳೆದರೆ ಕೈಯಲ್ಲಿ ಟ್ರೀಟ್ ಕಂಡರೆ ಮಾತ್ರ ಮಲಗುವ ನಾಯಿಯಾಗುತ್ತದೆ.

ಈಗ ನಾನು ಮಾಡಿದ ದೊಡ್ಡ ತಪ್ಪು. ಯಾರು ಬಂದರೂ ಚುಕ್ಕಿ ಮೈಮೇಲೆ ಹಾರುತ್ತಿದ್ದಳು. ನಾನು ಅವಳು ಇಳಿಯುವವರೆಗೆ ಕಾದು, ಇಳಿದು ಕೂತ ತಕ್ಷಣ ಟಕ್ ಅಂತ ಒತ್ತಿ ಟ್ರೀಟ್ ಕೊಡುತ್ತಿದ್ದೆ. ಸರಿಯಾಗಿಯೇ ಇದೆ ಅನ್ನಿಸುತ್ತದೆ, ಅಲ್ವಾ? ಒಂದು ವಾರದ ನಂತರ ನೋಡಿದರೆ ಅವಳು ಓಡಿ ಬರುತ್ತಾಳೆ, ಹಾರುತ್ತಾಳೆ, ಇಳಿಯುತ್ತಾಳೆ, ಕೂರುತ್ತಾಳೆ, ನನ್ನ ಮುಖ ನೋಡುತ್ತಾಳೆ. ಸುಮ್ಮನೆ ಕೂತಿದ್ದವಳು ಕೂಡ ಎದ್ದು ಒಂದು ಸಲ ಹಾರಿ ಆಮೇಲೆ ಕೂರುತ್ತಿದ್ದಳು. ಹಾರುವುದು ಅವಳ ಲೆಕ್ಕದಲ್ಲಿ ಆಟದ ಮೊದಲ ಹೆಜ್ಜೆ. ನಾನು ಕಲಿಸಿದ್ದನ್ನೇ ಅವಳು ಅಚ್ಚುಕಟ್ಟಾಗಿ ಕಲಿತಿದ್ದಳು. ಅದಾದ ಮೇಲೆ, ಅವಳು ಬೇಡದ್ದೇನಾದರೂ ಮಾಡಿದಾಗಲೆಲ್ಲ ನಾನು ಯಾವ ಕ್ಷಣಕ್ಕೆ ಒತ್ತಿದೆ ಅಂತ ಮೊದಲು ನೋಡಿಕೊಳ್ಳುತ್ತೇನೆ. ಹೆಚ್ಚಿನ ಸಲ ಉತ್ತರ ಅಲ್ಲೇ ಇರುತ್ತದೆ.

ತಿದ್ದಿದ್ದು ಹೀಗೆ. ಅವಳು ಬರುತ್ತಿರುವಾಗಲೇ, ಇನ್ನೂ ಎರಡು ಹೆಜ್ಜೆ ದೂರ ಇರುವಾಗ, ನಾಲ್ಕೂ ಕಾಲು ನೆಲದ ಮೇಲಿರುವಾಗ ಟಕ್. ಟ್ರೀಟನ್ನು ಕೈಯಲ್ಲಿ ಎತ್ತರದಲ್ಲಿ ಕೊಡದೆ ನೆಲದ ಮೇಲೆ ಇಡುವುದು, ಆಗ ತಲೆ ಕೆಳಗೇ ಇರುತ್ತದೆ. ಅದು ತಿಂದು ಮುಗಿಸುವಷ್ಟರಲ್ಲಿ, ಇನ್ನೂ ನೆಲದ ಮೇಲೆ ಇದ್ದಾಳಲ್ಲ, ಮತ್ತೆ ಟಕ್. ಹೀಗೆ ಐದಾರು ಸಲ ಬೇಗ ಬೇಗ. ಹಾರಿದರೆ ಮಾತಿಲ್ಲ, ಬೈಗುಳವಿಲ್ಲ, ಪಕ್ಕಕ್ಕೆ ತಿರುಗಿ ನಿಲ್ಲುವುದು. ಕಮ್ಮಿಯಾಗಲು ಹತ್ತು ದಿನ ಬೇಕಾಯಿತು, ಮೊದಲೇ ಸರಿಯಾದ ಕ್ಷಣಕ್ಕೆ ಒತ್ತಿದ್ದರೆ ಇಷ್ಟು ಹಿಡಿಯುತ್ತಿರಲಿಲ್ಲ.

ಕೈ ತಪ್ಪಿ ಒತ್ತಿದರೂ ಟ್ರೀಟ್ ಕೊಡಲೇಬೇಕು. ಒಂದು ಟಕ್‌ಗೆ ಒಂದು ಟ್ರೀಟ್, ಅದರಲ್ಲಿ ಚೌಕಾಸಿ ಇಲ್ಲ. ದೂರದಲ್ಲಿರುವ ನಾಯಿಯನ್ನು ಕರೆಯಲು ಕ್ಲಿಕ್ಕರ್ ಒತ್ತಲೂ ಬೇಡಿ, ಅವಳು ಅಲ್ಲಿ ಏನು ಮಾಡುತ್ತಿದ್ದಾಳೋ ಅದಕ್ಕೇ ಶಾಬಾಸ್ ಹೇಳಿದಂತಾಗುತ್ತದೆ.

ಪಾಠ ಎರಡು ನಿಮಿಷ, ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ. ಹತ್ತು ತುಣುಕು ಎಣಿಸಿ ಇಟ್ಟುಕೊಳ್ಳುತ್ತೇನೆ, ಖಾಲಿಯಾದರೆ ಮುಗಿಯಿತು. ಮಧ್ಯದಲ್ಲೇ ಆಕಳಿಸುವುದು, ಮೈ ಕೆರೆದುಕೊಳ್ಳುವುದು, ಕೆಲಸ ಬಿಟ್ಟು ನೆಲ ಮೂಸುವುದು ಕಂಡರೆ ಸಾಕಾಗಿದೆ ಅಂತ ಅರ್ಥ, ಹಟ ಮಾಡುತ್ತಿದ್ದಾಳೆ ಅಂದುಕೊಳ್ಳಬೇಡಿ. ಮತ್ತೆ, ನಡುಮನೆಯಲ್ಲಿ ಚೆನ್ನಾಗಿ ಕೂರುವವಳು ತಾರಸಿಗೆ ಹೋದರೆ ಆ ಪದವನ್ನೇ ಕೇಳದವಳ ಹಾಗೆ ನೋಡುತ್ತಾಳೆ. ನಾಯಿಗೆ ಹೊಸ ಜಾಗ ಅಂದರೆ ಹೊಸ ಪಾಠ. ಬೇಸರ ಮಾಡಿಕೊಳ್ಳದೆ ಮೊದಲಿನಿಂದ ಶುರು ಮಾಡಿದರೆ ಎರಡನೇ ಜಾಗದಲ್ಲಿ ಬೇಗ ಬರುತ್ತದೆ, ಮೂರನೆಯದರಲ್ಲಿ ಇನ್ನೂ ಬೇಗ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಪಾಠ ಅಂಗೈಗೆ ಮೂಗು ಮುಟ್ಟಿಸುವುದು. ಅಂಗೈ ಚಾಚಿದರೆ ಮರಿ ಮೂಸಲು ಬರುತ್ತದೆ, ಮೂಗು ತಾಗಿದಾಗ ಟಕ್. ಈಗ ಸೋಫಾದಿಂದ ಇಳಿಸಲು, ಡಾಕ್ಟರ ಹತ್ತಿರ ತೂಕದ ಯಂತ್ರದ ಮೇಲೆ ಹತ್ತಿಸಲು, ಕೈ ಕಚ್ಚುವ ಆಟ ಬಿಡಿಸಲು ಅದೊಂದೇ ಸಾಕು. ರಾತ್ರಿ ಅಳುವುದಕ್ಕೂ ಮನೆಯೊಳಗೆ ಉಚ್ಚೆ ಮಾಡುವುದಕ್ಕೂ ಮಾತ್ರ ಇದೇ ಮದ್ದು ಅಂದುಕೊಳ್ಳಬೇಡಿ. ಅದಕ್ಕೆ ಹೊತ್ತು ಹೊತ್ತಿಗೆ ಹೊರಗೆ ಕರೆದುಕೊಂಡು ಹೋಗುವುದು, ರಾತ್ರಿ ಪಕ್ಕದಲ್ಲಿ ಇರುವುದು, ಇದೇ ಬೇಕು.

ಚುಕ್ಕಿಗೆ ಈಗ 6 ತಿಂಗಳು. ಕೂರು, ಮಲಗು, ಬಾ ಇವಕ್ಕೆಲ್ಲ ಕ್ಲಿಕ್ಕರ್ ಬೇಕಿಲ್ಲ, ಮಾತು ಸಾಕು, ಆಗಾಗ ಒಂದು ಟ್ರೀಟ್. ಹೊಸದೇನಾದರೂ ಕಲಿಸುವಾಗ ಮಾತ್ರ ಡ್ರಾಯರ್‌ನಿಂದ ಹೊರಗೆ ಬರುತ್ತದೆ. ಸದ್ಯ ಉಗುರು ಕತ್ತರಿಸುವ ಪಾಠ ನಡೆದಿದೆ. ಕಟರ್ ನೋಡಿದರೆ ಟಕ್, ಅದು ಪಂಜಕ್ಕೆ ತಾಗಿದರೆ ಟಕ್, ಹೀಗೆ ಮೂರು ವಾರದಿಂದ ಬಂದಿದ್ದೇವೆ. ನಿನ್ನೆ ಎರಡು ಉಗುರು ಕತ್ತರಿಸಲು ಬಿಟ್ಟಳು. ಮೂರನೆಯದಕ್ಕೆ ಪಂಜ ಹಿಂದೆಳೆದುಕೊಂಡಳು, ನಾನು ಕಟರ್ ಒಳಗೆ ಇಟ್ಟೆ.