ಶಾಮಿಯಾನ ಬಿಚ್ಚಿದ ಮೇಲೆ ಕಾರ್ಡ್ ಬಂದವು

ಇದು 2022, 23ರ ಮಾತು. ಆ ಎರಡು ವರ್ಷದಲ್ಲಿ ನಮ್ಮ ಜಿಲ್ಲೆಯ ಸುಮಾರು 50 ಜನಕ್ಕೆ ಸರ್ಕಾರದ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿ ಟಿಜಿ ಕಾರ್ಡ್, ಅಂದರೆ ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ ಮಾಡಿಸಿದೆ. 52ಓ 53ಓ, ಡೈರಿ ನೋಡಬೇಕು. "ಪೋರ್ಟಲ್ ಗೀರ್ಟಲ್ ಎಲ್ಲಾ ಬೆಂಗಳೂರಿನವರಿಗೆ, ನಮ್ಮ ಕಡೆ ನಡೆಯಲ್ಲ" ಅಂತ ಸಂಘದ ಹಿರಿಯರೇ ನಕ್ಕಿದ್ದರು. ಆಗ ನನಗೆ 24 ವರ್ಷ. ಫೀಲ್ಡ್ ಕೆಲಸದ ಗೌರವಧನ ಬಿಟ್ಟರೆ ಕೈಯಲ್ಲಿ ಬೇರೆ ದುಡ್ಡಿರಲಿಲ್ಲ. ಈಗ ಅದೇ ಹಿರಿಯರು ತಮ್ಮ ಚೇಲಾಗಳನ್ನು, ಅಂದರೆ ಶಿಷ್ಯೆಯರನ್ನು, ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಲಿಂಗ ನಾವೇ ಹೇಳಿಕೊಳ್ಳಬಹುದು ಅಂದ ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು, 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ, ಅದರ 2020ರ ನಿಯಮ, ಇವುಗಳಿಂದಲೇ ಈ ಕಾರ್ಡ್ ಬಂದದ್ದು. ಅದನ್ನೇ ಮತ್ತೆ ಕೊರೆಯುವುದಿಲ್ಲ.

ಅರ್ಜಿ ಹಾಕಿಸಲು ಇಟ್ಟ ಮೊದಲ ಕ್ಯಾಂಪ್ ಪೂರ್ತಿ ಮುಳುಗಿತು. ಶಾಮಿಯಾನ, ಕುರ್ಚಿಗೆ 3,000. ಊಟಕ್ಕೆ ನಾಲ್ಕೂವರೆ ಸಾವಿರ. ಫ್ಲೆಕ್ಸು, ಝೆರಾಕ್ಸು, ಆಟೋ ಎಲ್ಲ ಸೇರಿ ಹತ್ತು ಹನ್ನೊಂದು ಸಾವಿರ ಹೋಯಿತು. ಅದರಲ್ಲಿ ಅರ್ಧ ನನ್ನ ಕಿವಿಯೋಲೆ ಅಡವಿಟ್ಟ ದುಡ್ಡು. 80 ಜನಕ್ಕೆ ಪಲಾವ್ ಮಾಡಿಸಿದ್ದೆ, ಬಂದವರು 14, ಅರ್ಜಿ ಹಾಕಿದವರು 3. ಕಾರಣ ಆಮೇಲೆ ಗೊತ್ತಾಯಿತು. ಮಂಗಳವಾರ ಇಟ್ಟಿದ್ದೆ. ದೇವಿಗೆ ಬಿಟ್ಟ ಜೋಗತಿಯರೆಲ್ಲ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗುವ ದಿನ ಅದು. ದೇವಿಯ ಪಡ್ಡಲಿಗೆ ಬುಟ್ಟಿ ಹೊತ್ತು ಬೆಳೆದ ನನಗೇ ಅದು ಹೊಳೆಯಲಿಲ್ಲ ಅಂದರೆ ಏನು ಹೇಳೋದು! ಸಾಲದ್ದಕ್ಕೆ ಶಾಮಿಯಾನ ಹಾಕಿದ್ದು ಪೊಲೀಸ್ ಠಾಣೆಯ ಎದುರು. ನಾಲ್ಕು ಜನ ಆಟೋದಲ್ಲೇ ಜೀಪು ನೋಡಿ, ಇಳಿಯದೆ ವಾಪಸ್ ಹೋದರಂತೆ.

ಆಮೇಲೆ ಎಲ್ಲರನ್ನೂ ಒಂದು ಸೈಬರ್ ಅಂಗಡಿಗೆ ಕಳಿಸಿದೆ. ಪೋರ್ಟಲ್‌ನಲ್ಲಿ ಅರ್ಜಿಗೆ ಒಂದು ಪೈಸೆಯೂ ಇಲ್ಲ, ಆದರೆ ಅಂಗಡಿಯವನು ತಲೆಗೆ 300 ತೆಗೆದುಕೊಂಡ. ಹೋಗಲಿ, ಸರಿಯಾಗಿಯಾದರೂ ಹಾಕಿದನಾ? ಒಬ್ಬಳ ಅರ್ಜಿಗೆ ಇನ್ನೊಬ್ಬಳ ಫೋಟೋ. ತಂದೆಯ ಹೆಸರಿನ ಜಾಗದಲ್ಲಿ ಗುರುವಿನ ಹೆಸರು. ಒಂಬತ್ತರಲ್ಲಿ ಆರು ವಾಪಸ್ ಬಂದವು. ಓಟಿಪಿ ಅವನದೇ ಮೊಬೈಲಿಗೆ ಬರುವ ಹಾಗೆ ಮಾಡಿಕೊಂಡಿದ್ದ, ಹಾಗಾಗಿ ವಾಪಸ್ ಬಂದದ್ದೂ ನಮಗೆ ಎರಡು ತಿಂಗಳು ಗೊತ್ತಾಗಲಿಲ್ಲ.

ಮೂರನೇ ಸಲ ಜನರನ್ನು ಕರೆಯುವುದೇ ಬಿಟ್ಟೆ. ನಮ್ಮವರು ಒಟ್ಟಿಗೆ ಇರುವ ಮನೆಗೆ, ಹಮಾಮಿಗೆ, ನಾನೇ ಹೋದೆ. ಮೊದಲು ಆ ಮನೆಯ ಹಿರಿಯ ಗುರು ನಾನಿಯ ಕಾಲಿಗೆ ಬಿದ್ದು ಒಪ್ಪಿಗೆ ತೆಗೆದುಕೊಂಡೆ. ನಾನಿ ಹೂಂ ಅಂದರೆ ಮನೆಯೆಲ್ಲ ಹೂಂ ಅಂದ ಹಾಗೆ. ಮಧ್ಯಾಹ್ನ 12ರಿಂದ 3 ನಮ್ಮ ಹೊತ್ತು. ರಾತ್ರಿ ಕೆಲಸಕ್ಕೆ ಹೋದವರು ಆಗ ಎದ್ದಿರುತ್ತಾರೆ, ಅಂಗಡಿ ಅಂಗಡಿಗೆ ಕಾಸು ಕೇಳಲು ಹೋದವರು ಊಟಕ್ಕೆ ಬಂದಿರುತ್ತಾರೆ. ಗೋಡೆಗೆ ಬಿಳಿ ಪಂಚೆ ಕಟ್ಟಿ ನನ್ನ ಮೊಬೈಲಲ್ಲೇ ಫೋಟೋ ತೆಗೆದೆ. ಅರ್ಧ ಗಂಟೆಯ ಕೆಲಸ ಅಂದುಕೊಂಡಿದ್ದೆ. ಆದರೆ ಸರ್ಕಾರಿ ಕಾರ್ಡಿನಲ್ಲಿ ಮೊದಲ ಸಲ ಸೀರೆಯುಟ್ಟ ಫೋಟೋ ಬರುತ್ತದೆ ಅಂದರೆ ಯಾರು ತಾನೇ ಸುಮ್ನೆ ಕೂರುತ್ತಾರೆ? ಪೌಡರ್, ಕಾಡಿಗೆ, ಪಕ್ಕದ ಮನೆಯಿಂದ ಸಾಲ ತಂದ ಜುಮುಕಿ. ಆರು ಜನಕ್ಕೆ ಎರಡು ಗಂಟೆ ಹಿಡಿಯಿತು. ಅವತ್ತಿನಿಂದ ಫೋಟೋಗೇ ಬೇರೆ ದಿನ ಇಟ್ಟೆ.

ಅರ್ಜಿಯ ಜೊತೆ ಹಾಕುವ ಅಫಿಡವಿಟ್‌ಗೆ ಆಗ 20 ರೂಪಾಯಿಯ ಛಾಪಾ ಕಾಗದ ಸಾಕಿತ್ತು. ನೋಟರಿ ಮಾತ್ರ ಒಬ್ಬರಿಗೆ 500 ಕೇಳಿದರು. ಹತ್ತು ಜನರದು ಒಟ್ಟಿಗೆ ತರುತ್ತೇನೆ ಅಂತ ಚೌಕಾಸಿ ಮಾಡಿ ಬೇರೊಬ್ಬರ ಹತ್ತಿರ 100ಕ್ಕೆ ಇಳಿಸಿದೆ. ಓದಲು ಬಾರದವರಿಗೆ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿ ಆಮೇಲೆ ಹೆಬ್ಬೆಟ್ಟು ಒತ್ತಿಸಿದೆ. ಒಟ್ಟು ಲೆಕ್ಕ ಹಾಕಿದರೆ ತಲೆಗೆ 220, 230 ರೂಪಾಯಿ. ಕ್ಯಾಂಪಿನಲ್ಲಿ ಒಂದು ಅರ್ಜಿಗೆ ಮೂರೂವರೆ ಸಾವಿರ ಬಿದ್ದಿತ್ತು, ನೋಡಿ!

ದೊಡ್ಡ ತೊಡಕು ವಿಳಾಸದ್ದು. ಆಗಿನ ನಿಯಮದ ಪ್ರಕಾರ ಅದೇ ಜಿಲ್ಲೆಯಲ್ಲಿ 12 ತಿಂಗಳು ವಾಸ ಇರಬೇಕಿತ್ತು. ನಮ್ಮವರ ಆಧಾರ್ ರಾಯಚೂರಿನದು, ಕಲಬುರಗಿಯದು. ಇಲ್ಲಿ ಆರು ವರ್ಷದಿಂದ ಇದ್ದರೂ ಬಾಡಿಗೆ ಕರಾರು ಮಾಡಿಕೊಡುವವರು ಯಾರು? ಇದಕ್ಕೊಂದು ದಾರಿ ಹುಡುಕಿದೆ, ಕಾನೂನಿನ ಒಳಗಿನದೇ. ಇಲ್ಲಿ ಬರೆಯುವುದಿಲ್ಲ, ಬರೆದರೆ ಮರುದಿನವೇ ಆ ಬಾಗಿಲು ಮುಚ್ಚುತ್ತಾರೆ. ಎದುರಿಗೆ ಸಿಕ್ಕಾಗ ಕೇಳಿ, ಚಹಾ ಕುಡಿಸಿ.

ಕಚೇರಿಯಲ್ಲಿ ಒಬ್ಬರು ಎಲ್ಲರಿಗೂ "ಮೆಡಿಕಲ್ ತನ್ನಿ" ಅನ್ನುತ್ತಿದ್ದರು. ಜಗಳ ಆಡಿದರೆ ಫೈಲು ಕೆಳಗೆ ಹೋಗುತ್ತದೆ ಅಂತ ಗೊತ್ತಿತ್ತು. ಅರ್ಜಿದಾರರ ಅಫಿಡವಿಟ್ ಮೇಲೆಯೇ, ಯಾವ ದೈಹಿಕ ತಪಾಸಣೆಯೂ ಇಲ್ಲದೆ ಅಂತ ಆಗಿನ ನಿಯಮದಲ್ಲಿದ್ದ ಸಾಲಿಗೆ ಹಳದಿ ಬಣ್ಣ ಬಳಿದು, ಒಂದು ಪ್ರತಿ ಅವರ ಮೇಜಿನ ಮೇಲಿಟ್ಟು ನಮಸ್ಕಾರ ಮಾಡಿ ಬಂದೆ. ಡಿಸಿ 30 ದಿನದೊಳಗೆ ಕೊಡಬೇಕು ಅಂತಲೂ ಅದರಲ್ಲೇ ಇತ್ತು. 31ನೇ ದಿನ ತಾರೀಖಿನ ಪಟ್ಟಿ ಹಿಡಿದು ಹೋದೆ. ಮುಂದಿನ ತಿಂಗಳೂ ಹೋದೆ. ಮೂರನೇ ತಿಂಗಳಿಂದ ನನ್ನ ಮುಖ ನೋಡಿದರೆ ಸಾಕು, ಫೈಲು ಮೇಲೆ ಬರುತ್ತಿತ್ತು.

ನಿರ್ವಾಣ, ಅಂದರೆ ಗಂಡಸಿನ ಅಂಗ ತೆಗೆಸುವ ಆಪರೇಷನ್, ಆದವರು ನೇರವಾಗಿ "ಮಹಿಳೆ" ಅಂತಲೇ ಬೇಕು ಅಂದರು. ಅದಕ್ಕೆ ಆಸ್ಪತ್ರೆಯ ಸರ್ಟಿಫಿಕೇಟ್ ಬೇಕಿತ್ತು. ಆಸ್ಪತ್ರೆಗೆ ಹೋಗದೆ ನಮ್ಮವರಲ್ಲೇ ಇರುವ ದಾಯಮ್ಮನ ಕೈಯಲ್ಲಿ ಮಾಡಿಸಿಕೊಂಡವರ ಹತ್ತಿರ ಎಲ್ಲಿಂದ ಬರಬೇಕು? ಅವರಿಗೆ ಟಿಜಿ ಅಂತಲೇ ಮಾಡಿಸಿದೆ. ಇಬ್ಬರು ಇವತ್ತಿಗೂ ನನ್ನ ಮೇಲೆ ಸಿಟ್ಟಾಗಿದ್ದಾರೆ.

ಹೆಸರಿನ ವಿಷಯದಲ್ಲಿ ಪಾಠ ಕಲಿಸಿದ್ದು 60 ದಾಟಿದ ಒಬ್ಬ ಜೋಗವ್ವ. ಎಲ್ಲ ತುಂಬಿಸಿ ಹೊಸ ಹೆಸರು ಕೇಳಿದರೆ ಬಾಯಿ ಬಿಡಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ ಕೂತರು. ಕೊನೆಗೆ, "ತಂಗಿ, ಹೆಸರು ತೆಗೆಸಿದ್ರ ಹೊಲದಾಗ ನನ್ನ ಪಾಲು ಹೋಗಂಗಿಲ್ಲೇನು?" ಅಂದರು. ಪಹಣಿಯಲ್ಲಿ ತಮ್ಮಂದಿರ ಜೊತೆ ಅವರ ಹಳೆಯ ಹೆಸರು ಇದೆ. ಆಧಾರ್ ಒಂದು ಹೆಸರು, ಪಹಣಿ ಇನ್ನೊಂದು ಆದರೆ ತಮ್ಮಂದಿರು ಬಿಡುತ್ತಾರಾ? ನನಗೆ ಉತ್ತರ ಹೊಳೆಯಲಿಲ್ಲ. ಅವರಿಗೆ ಹಳೆಯ ಹೆಸರಿನಲ್ಲೇ ಕಾರ್ಡ್ ಮಾಡಿಸಿದೆ. ಸರ್ಕಾರ ನಮ್ಮವರಿಗೆ ಕೊಡುವ ಮೈತ್ರಿ ಮಾಸಾಶನಕ್ಕೆ, ಆಗ 800 ರೂಪಾಯಿ ಇತ್ತು, ದಾಖಲೆಯಾದರೆ ಸಾಕು ಅಂದರು. ಅಲ್ಲಿಯವರೆಗೆ ಹೊಸ ಹೆಸರು ಹಾಕಿಸಿಕೊಳ್ಳದವರನ್ನು "ಧೈರ್ಯ ಇಲ್ಲ" ಅಂತ ಬೈಯುತ್ತಿದ್ದೆ. ಆಮೇಲೆ ಬೈಯುವುದು ಬಿಟ್ಟೆ.

ಆಧಾರ್‌ಗೆ ಮೊದಲು ಕೈ ಹಾಕಬೇಡಿ. ಹೆಸರು ಎರಡೇ ಸಲ ಬದಲಿಸಬಹುದು, ಲಿಂಗ ಒಂದೇ ಸಲ. ನಮ್ಮಲ್ಲಿ ಒಬ್ಬಳು ಅವಸರಕ್ಕೆ ಎರಡೂ ಸಲ ಮುಗಿಸಿಕೊಂಡು ಇನಿಷಿಯಲ್ ತಪ್ಪಿಗೆ ಇನ್ನೂ ಓಡಾಡುತ್ತಿದ್ದಾಳೆ. ಮೊದಲು ಟಿಜಿ ಸರ್ಟಿಫಿಕೇಟ್, ಅದನ್ನು ತೋರಿಸಿ ಆಧಾರ್, ಆಮೇಲೆ ಬ್ಯಾಂಕು. ಈ ಕ್ರಮ ಹಿಡಿದ ಮೇಲೆ ಒಬ್ಬರೂ ಸಿಕ್ಕಿಹಾಕಿಕೊಂಡಿಲ್ಲ.

ನಡುವೆ ಒಂದು ತಮಾಷೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ನಮಗೂ ಬಸ್ಸು ಫ್ರೀ. ಯಾವ ಕಾರ್ಡಿಗೆ ಕಂಡಕ್ಟರ್ ತಕರಾರು ಮಾಡದೆ ಟಿಕೆಟ್ ಕೊಡುತ್ತಾರೆ ನೋಡೋಣ ಅಂತ ಒಂದೇ ರೂಟಿನಲ್ಲಿ ಹತ್ತು ಸಲ ಓಡಾಡಿದೆ. ಐದು ಸಲ ಆಧಾರ್, ಐದು ಸಲ ಟಿಜಿ ಕಾರ್ಡ್. ಆಧಾರ್ ತೋರಿಸಿದಾಗ ಯಾರೂ ಮಾತಾಡಲಿಲ್ಲ. ಟಿಜಿ ಕಾರ್ಡನ್ನು ಇಬ್ಬರು ತಿರುಗಿಸಿ ತಿರುಗಿಸಿ ನೋಡಿದರು. ಅದರಲ್ಲಿ ಒಬ್ಬರು, "ಅಕ್ಕಾ, ಇದು ಪೊಲೀಸ್ ಕಾರ್ಡಾ?" ಅಂದರು. ಹೌದು ಅಂದುಬಿಡಬೇಕಿತ್ತು.

ನನ್ನ ಈ ದಾರಿ ಟ್ರಾನ್ಸ್ ಗಂಡುಹುಡುಗರ ಹತ್ತಿರ ಕೆಲಸ ಮಾಡಲಿಲ್ಲ. ಅವರಿಗೆ ಹಮಾಮ್ ಇಲ್ಲ, ನಾನಿ ಇಲ್ಲ, ಇರುವುದು ಅಪ್ಪ ಅಮ್ಮನ ಮನೆಯಲ್ಲೇ. ಎರಡು ವರ್ಷದಲ್ಲಿ ಇಬ್ಬರದು ಮಾತ್ರ ಆಯಿತು, ಅದೂ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ನನ್ನ ಮೊಬೈಲಿನಲ್ಲಿ ತುಂಬಿದ್ದು. ಇನ್ನೊಬ್ಬ ಎಲ್ಲ ಪೇಪರ್ ತಂದಿದ್ದ, ಅಫಿಡವಿಟ್ ಕೂಡ ರೆಡಿ ಇತ್ತು. ಸಬ್‌ಮಿಟ್ ಒತ್ತುವ ಮೊದಲು, "ಅಕ್ಕಾ, ವಿಚಾರಣೆಗೆ ಅಂತ ಯಾರಾದರೂ ಮನೆಗೆ ಬರ್ತಾರಾ?" ಅಂತ ಕೇಳಿದ. ಬರೋದಿಲ್ಲ ಅಂತ ಖಾತ್ರಿ ಕೊಡಲು ನನ್ನಿಂದ ಆಗಲಿಲ್ಲ. ಅವನ ಅರ್ಜಿ ಇನ್ನೂ ನನ್ನ ಮೊಬೈಲಿನಲ್ಲೇ ಇದೆ.