ಓಡುತ್ತಿರುವ ಡೇಟಾಬೇಸ್‌ಗೆ ಫಾರಿನ್ ಕೀ ಹಾಕಿದ್ದು: ನನ್ನ ಅನುಭವ

ಒಂದು ಟೇಬಲ್‌ನ ರೋ (ಸಾಲು) ಬೊಟ್ಟು ಮಾಡುವ ಇನ್ನೊಂದು ಟೇಬಲ್‌ನ ರೋ ನಿಜಕ್ಕೂ ಇರಲೇಬೇಕು ಎಂದು ಡೇಟಾಬೇಸೇ ಕಾಯುವ ನಿಯಮ ಫಾರಿನ್ ಕೀ. ‘ಫಾರಿನ್ ಕೀ ಹಾಕಿದರೆ ನಿಧಾನವಾಗುತ್ತೆ, ನಿಯಮವೆಲ್ಲ ಕೋಡ್‌ನಲ್ಲೇ ಇರಲಿ’ ಅನ್ನುವ ಮಾತು ಎಲ್ಲರಿಗೂ ಗೊತ್ತಿರುವಂಥದ್ದೇ. ಕೊಠಡಿ ಬುಕಿಂಗ್ ಡೇಟಾಬೇಸ್‌ನ 4 ಕೋಟಿ ರೋಗಳ ಪೇಮೆಂಟ್ ಟೇಬಲ್‌ಗೆ, ಅದೂ ಹಗಲುರಾತ್ರಿ ಓಡುತ್ತಿರುವಾಗ ಹಾಕುವುದಂತೂ ಆಗದ ಮಾತು ಎಂದವರೇ ಹೆಚ್ಚು. ಹಾಕಿದ್ದೇನೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಆವೃತ್ತಿ 14ರಲ್ಲಿ ಮೂರು ಬಗೆಯ ಕನ್‌ಸ್ಟ್ರೇಂಟ್ (ನಿಯಮ): 11 ಫಾರಿನ್ ಕೀ, ಇಪ್ಪತ್ತರ ಆಸುಪಾಸು ಚೆಕ್ (ರೋ ಒಂದು ಷರತ್ತಿಗೆ ಹೊಂದಬೇಕು ಎಂಬುದು), ಒಂದು ಎಕ್ಸ್‌ಕ್ಲೂಷನ್ (ಎರಡು ರೋಗಳು ಒಂದಕ್ಕೊಂದು ಅಡ್ಡಬರಬಾರದು ಎಂಬುದು). ಏಳೆಂಟು ತಿಂಗಳಾಯಿತು, ಕೊಂಡಿ ತಪ್ಪಿದ ಒಂದೇ ಒಂದು ಅನಾಥ ರೋ ಹೊಸದಾಗಿ ಹುಟ್ಟಿಲ್ಲ. ಅಂಕಿಗಳನ್ನು ನೆನಪಿನಿಂದ ಬರೆಯುತ್ತಿದ್ದೇನೆ, ಸ್ವಲ್ಪ ಹೆಚ್ಚುಕಮ್ಮಿ ಇರಬಹುದು.

ಮೊದಲ ಸಲ ಕೆಟ್ಟದ್ದು ಕೆಲಸದ ಕ್ರಮದಲ್ಲಿ. ಎಲ್ಲರೂ ಮಾಡುವಂತೆ ಮೊದಲು ಸ್ವಚ್ಛ ಮಾಡಿ ಆಮೇಲೆ ಕನ್‌ಸ್ಟ್ರೇಂಟ್ ಹಾಕಲು ಹೊರಟೆ. ಬುಕಿಂಗ್ ಅಳಿಸಿಹೋಗಿ ಪೇಮೆಂಟ್ ಮಾತ್ರ ಉಳಿದ ರೋಗಳು ಸುಮಾರು 62 ಸಾವಿರ ಇದ್ದವು. 5000ದ ಬ್ಯಾಚ್‌ಗಳಲ್ಲಿ ಎರಡು ರಾತ್ರಿ ತೆಗೆದು, ಮೂರನೇ ದಿನ ಕನ್‌ಸ್ಟ್ರೇಂಟ್ ಸೇರಿಸುವ ಆಲ್ಟರ್ ಟೇಬಲ್ ಆದೇಶ ಕೊಟ್ಟರೆ ಎರರ್: ಅಷ್ಟರಲ್ಲಿ ಇನ್ನೂ ಮುನ್ನೂರು ಹುಟ್ಟಿದ್ದವು. ಸೂರು ಸೋರುತ್ತಿರುವಾಗ ನೆಲ ಒರೆಸಿದ ಹಾಗೆ. ಕ್ರಮವನ್ನು ತಿರುಗಿಸಿದ ಮೇಲೆ ಸರಿಹೋಯಿತು. ಮೊದಲು ‘ನಾಟ್ ವ್ಯಾಲಿಡ್’ ಎಂದು ಕನ್‌ಸ್ಟ್ರೇಂಟ್ ಸೇರಿಸುವುದು: ಹಳೆಯ ರೋಗಳನ್ನು ಅದು ನೋಡುವುದಿಲ್ಲ, ಹೊಸ ತಪ್ಪುಗಳನ್ನು ಆ ಕ್ಷಣದಿಂದಲೇ ತಡೆಯುತ್ತದೆ. ಆಮೇಲೆ ನಿಧಾನವಾಗಿ ಹಳೆಯದನ್ನು ಸ್ವಚ್ಛ ಮಾಡಿ, ಕೊನೆಗೆ ‘ವ್ಯಾಲಿಡೇಟ್ ಕನ್‌ಸ್ಟ್ರೇಂಟ್’. ಈ ಕೊನೆಯ ಹೆಜ್ಜೆ ಇಡೀ ಟೇಬಲ್ ಓದುತ್ತದೆ, ಆದರೆ ಓದು-ಬರಹ ಎರಡನ್ನೂ ನಿಲ್ಲಿಸುವುದಿಲ್ಲ. ಪೇಮೆಂಟ್ ಟೇಬಲ್‌ಗೆ ಒಂದೂವರೆ ನಿಮಿಷ ಹಿಡಿದಿರಬೇಕು.

ಕೀ ಸೇರಿಸುವ ಮೊದಲ ಹೆಜ್ಜೆ ಮಾತ್ರ ಕ್ಷಣಮಾತ್ರವಾದರೂ ಎರಡೂ ಟೇಬಲ್‌ಗಳ ಮೇಲೆ ಲಾಕ್ ಕೇಳುತ್ತದೆ, ಬರೆಯುವವರು ಅಷ್ಟು ಹೊತ್ತು ಕಾಯಬೇಕು. ಎರಡನೇ ಸೋಲು ಇಲ್ಲಿ. ಬುಕಿಂಗ್ ಟೇಬಲ್‌ನಲ್ಲಿ ಯಾವುದೋ ದೊಡ್ಡ ಬ್ಯಾಚ್ ಅಪ್‌ಡೇಟ್ ಕಮಿಟ್ ಆಗದೆ (ಮುಗಿದು ಕಾಯಂ ಆಗದೆ) ಓಡುತ್ತಿತ್ತು. ಆಲ್ಟರ್ ಅದರ ಹಿಂದೆ ಕಾಯಿತು, ಆಲ್ಟರ್‌ನ ಹಿಂದೆ ಉಳಿದ ಎಲ್ಲ ಇನ್ಸರ್ಟ್‌ಗಳೂ (ಹೊಸ ರೋ ಸೇರಿಸುವ ಆದೇಶಗಳು) ಸಾಲುಗಟ್ಟಿದವು. ಕನೆಕ್ಷನ್ ಪೂಲ್ (ಡೇಟಾಬೇಸ್‌ಗೆ ಇರುವ ಸೀಮಿತ ಸಂಪರ್ಕಗಳು) ತುಂಬಿ ಸುಮಾರು 6 ನಿಮಿಷ ಎಲ್ಲವೂ ನಿಂತಿತು. ಲಾಕ್ ಆಗುವ ಕೆಲಸ ಚಿಕ್ಕದು, ಲಾಕ್‌ಗಾಗಿ ಕಾಯುವ ಸಾಲು ದೊಡ್ಡದು. ಅಂದಿನಿಂದ ಪ್ರತಿ ಆಲ್ಟರ್‌ಗೂ ಮುಂಚೆ ಲಾಕ್ ಟೈಮ್‌ಔಟ್ 2 ಸೆಕೆಂಡ್. ಸಿಗದಿದ್ದರೆ ಬಿಟ್ಟು, 20-30 ಸೆಕೆಂಡ್ ಬಿಟ್ಟು ಮತ್ತೆ ಯತ್ನಿಸುವ ಪುಟ್ಟ ಸ್ಕ್ರಿಪ್ಟ್ ಸಾಕು. ಕೆಲವು ಕೀಗಳು ಹದಿನೈದನೇ ಯತ್ನಕ್ಕೆ ಕೂತವು. ಮತ್ತೆ ಒಮ್ಮೆಯೂ ಹಾಗೆ ನಿಲ್ಲಲಿಲ್ಲ.

ಚೆಕ್ ಕನ್‌ಸ್ಟ್ರೇಂಟ್‌ಗೆ ಇದೇ ಕ್ರಮ ಹಿಡಿದರೆ ಏಟು ಬೀಳುತ್ತದೆ. ನಾಟ್ ವ್ಯಾಲಿಡ್ ಫಾರಿನ್ ಕೀ ಇದ್ದಾಗ ಹಳೆಯ ಕೆಟ್ಟ ರೋನಲ್ಲಿ ಬೇರೆ ಕಾಲಂ ಅಪ್‌ಡೇಟ್ ಮಾಡಬಹುದು, ಕೀ ಕಾಲಂ ಬದಲಾಗದಿದ್ದರೆ ಪರೀಕ್ಷೆಯೇ ನಡೆಯುವುದಿಲ್ಲ. ಚೆಕ್ ಹಾಗಲ್ಲ. ಯಾವ ಕಾಲಂ ಮುಟ್ಟಿದರೂ ಇಡೀ ರೋ ಮತ್ತೆ ಪರೀಕ್ಷೆಗೆ ಬರುತ್ತದೆ. ಮೊತ್ತ ಸೊನ್ನೆಗಿಂತ ಹೆಚ್ಚಿರಬೇಕು ಎಂದು ಹಾಕಿದ ಚೆಕ್‌ನಿಂದ, ಸ್ಟೇಟಸ್ ಬದಲಿಸುವ ಕೋಡ್ ಹಳೆಯ ರೋಗಳಲ್ಲಿ ಎರರ್ ಕೊಡತೊಡಗಿತು. ಆದ್ದರಿಂದ ಚೆಕ್ ವಿಷಯದಲ್ಲಿ ಇನ್ನೂ ಬದಲಾಗುತ್ತಿರುವ ರೋಗಳನ್ನು ಮೊದಲು ಸರಿಮಾಡಿ, ಆಮೇಲೆ ನಾಟ್ ವ್ಯಾಲಿಡ್. ಇನ್ನೊಂದು: ನಲ್ (ಬೆಲೆಯೇ ಇಲ್ಲದ ಖಾಲಿ) ಬಂದರೆ ಚೆಕ್ ಸುಮ್ಮನೆ ಪಾಸಾಗುತ್ತದೆ, ನಾಟ್ ನಲ್ ಬೇರೆಯೇ ಬೇಕು. ಅದಕ್ಕೂ ದಾರಿಯಿದೆ. ‘ಈಸ್ ನಾಟ್ ನಲ್’ ಎಂಬ ಚೆಕ್ ಹಾಕಿ ವ್ಯಾಲಿಡೇಟ್ ಮಾಡಿಟ್ಟರೆ, ಆವೃತ್ತಿ 12ರಿಂದೀಚೆಗೆ ‘ಸೆಟ್ ನಾಟ್ ನಲ್’ ಮತ್ತೆ ಟೇಬಲ್ ಓದದೆ ತಕ್ಷಣ ಮುಗಿಯುತ್ತದೆ.

ಆ 62 ಸಾವಿರ ಅನಾಥ ರೋಗಳನ್ನು ಏನು ಮಾಡುವುದು? ‘ಅಪರಿಚಿತ’ ಎಂಬ ಒಂದು ಡಮ್ಮಿ ಬುಕಿಂಗ್ ಸೃಷ್ಟಿಸಿ ಎಲ್ಲವನ್ನೂ ಅದಕ್ಕೆ ಕಟ್ಟುವ ಉಪಾಯವನ್ನು ಡೇಟಾಬೇಸ್‌ನ ಒಂದು ನಕಲು ಪ್ರತಿಯ ಮೇಲೆ ನೋಡಿದೆ. ದಯವಿಟ್ಟು ಬೇಡ. ಪ್ರತಿ ವರದಿಯಲ್ಲೂ ಆ ಡಮ್ಮಿಯನ್ನು ಬಿಡಲು ಒಂದು ವೇರ್ ಷರತ್ತು ಬೇಕಾಗುತ್ತದೆ, ಯಾರಾದರೂ ಒಬ್ಬರು ಮರೆತೇ ಮರೆಯುತ್ತಾರೆ. ಸರಿಹೋದದ್ದು ಇದು: ಅದೇ ಕಾಲಂಗಳು, ಜೊತೆಗೆ ಕಾರಣ ಮತ್ತು ದಿನಾಂಕ ಇರುವ ಪ್ರತ್ಯೇಕ ಟೇಬಲ್‌ಗೆ ಸಾಗಿಸುವುದು. ಡಿಲೀಟ್‌ಗೆ ರಿಟರ್ನಿಂಗ್ (ಅಳಿಸಿದ ರೋಗಳನ್ನು ಮರಳಿ ಕೊಡುವಂಥದ್ದು) ಸೇರಿಸಿ, ಅದರಿಂದಲೇ ಇನ್ಸರ್ಟ್ ಮಾಡಿದರೆ ಒಂದೇ ಸ್ಟೇಟ್‌ಮೆಂಟ್‌ನಲ್ಲಿ ಕೆಲಸ ಮುಗಿಯುತ್ತದೆ, ನಡುವೆ ಕಳೆದುಹೋಗುವ ಭಯವಿಲ್ಲ. ಅದರಲ್ಲಿ 18 ಸಾವಿರದಷ್ಟನ್ನು ನಿಜವಾದ ಬುಕಿಂಗ್‌ಗೆ ಮತ್ತೆ ಜೋಡಿಸಿದೆ. ಸೀಕ್ವೆನ್ಸ್ ನಂಬರ್‌ಗಳ (ರೋಗಳಿಗೆ ತಾನಾಗಿ ಸಿಗುವ ಕ್ರಮಸಂಖ್ಯೆಗಳ) ನಡುವಿನ ಖಾಲಿ ಜಾಗಗಳೇ ಸುಳಿವು. ಆ ಕ್ವೆರಿಯನ್ನು ಮಾತ್ರ ಇಲ್ಲಿ ಕೊಡುವುದಿಲ್ಲ, ಬಹಳ ರಾತ್ರಿಗಳ ಫಲ ಅದು.

ಈಗ ‘ನಿಧಾನವಾಗುತ್ತೆ’ ಎಂಬ ಮಾತಿಗೆ ಬರೋಣ. ಅದು ಹುಟ್ಟುವ ಎರಡು ಜಾಗಗಳನ್ನು ಕಂಡಿದ್ದೇನೆ. ಒಂದು, ಪೋಸ್ಟ್‌ಗ್ರೆಸ್ ಫಾರಿನ್ ಕೀ ಕಾಲಂಗೆ ತಾನಾಗಿ ಇಂಡೆಕ್ಸ್ (ಬೇಗ ಹುಡುಕಲು ಬೇಕಾದ ಸೂಚಿ) ಮಾಡುವುದಿಲ್ಲ. ಇನ್ನೊಂದು ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್‌ನ ಸ್ಟೋರೇಜ್ ಎಂಜಿನ್ ಇನ್ನೋಡಿಬಿ ಮಾಡುತ್ತದೆ, ಅಲ್ಲಿಂದ ಬಂದವರು ಇಲ್ಲೇ ಎಡವುತ್ತಾರೆ. ಒಂದು ಬುಕಿಂಗ್ ಅಳಿಸಲು ಪೇಮೆಂಟ್ ಟೇಬಲ್ ಪೂರ್ತಿ ಓದಿ 30-40 ಸೆಕೆಂಡ್ ಹಿಡಿಯುತ್ತಿತ್ತು, ಇಂಡೆಕ್ಸ್ ಬಂದ ಮೇಲೆ ಒಂದೆರಡು ಮಿಲಿಸೆಕೆಂಡ್. ಇಂಡೆಕ್ಸನ್ನು ‘ಕನ್‌ಕರೆಂಟ್ಲಿ’ (ಬರೆಯುವವರನ್ನು ತಡೆಯದೆ) ಎಂದೇ ಕಟ್ಟಿ. ನಡುವೆ ಮುರಿದರೆ ಇನ್‌ವ್ಯಾಲಿಡ್ ಇಂಡೆಕ್ಸ್ ಹಾಗೇ ಉಳಿದಿರುತ್ತದೆ, ಡ್ರಾಪ್ ಮಾಡಿ ಮತ್ತೆ ಕಟ್ಟಬೇಕು. ಎರಡನೆಯದು ಸೂಕ್ಷ್ಮ. ಪೇಮೆಂಟ್ ಸೇರಿಸುವಾಗ ಅದರ ಬುಕಿಂಗ್ ರೋ ಮೇಲೆ ‘ಕೀ ಶೇರ್’ ಲಾಕ್ (ಆ ರೋ ಅಳಿಯದಂತೆ, ಕೀ ಬದಲಾಗದಂತೆ ತಡೆಯುವುದು) ಬೀಳುತ್ತದೆ. ಕೋಡ್‌ನಲ್ಲಿ ಬೇರೆಲ್ಲೋ ಅದೇ ರೋವನ್ನು ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಎಂದು ಹಿಡಿದಿದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ. ಅದನ್ನು ‘ಫಾರ್ ನೋ ಕೀ ಅಪ್‌ಡೇಟ್’ ಎಂದು ಬದಲಿಸಿದರೆ ಸಾಕು, ಕಾಯುವಿಕೆ ಮಾಯ. ಇವೆರಡೂ ಆದ ಮೇಲೆ ಒಂದೊಂದೇ ಇನ್ಸರ್ಟ್‌ನಲ್ಲಿ ವ್ಯತ್ಯಾಸ ಅಳೆಯಲಾಗದಷ್ಟು. ಲಕ್ಷಗಟ್ಟಲೆ ಒಟ್ಟಿಗೆ ತುಂಬುವಾಗ ಮಾತ್ರ ಒಂದೂವರೆ ಪಟ್ಟು ಸಮಯ, ಅದು ನಿಜ.

ಒಂದೇ ಕೊಠಡಿಗೆ ಒಂದೇ ಹೊತ್ತಿಗೆ ಎರಡು ಬುಕಿಂಗ್ ಬೀಳುವುದನ್ನು ಕೋಡ್‌ನಲ್ಲಿ ‘ಇದೆಯೇ ನೋಡು, ಇಲ್ಲದಿದ್ದರೆ ಸೇರಿಸು’ ಎಂದು ತಡೆಯಲು ಆಗುವುದಿಲ್ಲ. ಇಬ್ಬರೂ ಒಟ್ಟಿಗೆ ನೋಡಿದರೆ ಇಬ್ಬರಿಗೂ ಖಾಲಿಯೇ ಕಾಣುತ್ತದೆ. ಇದಕ್ಕೆ ಮದ್ದು, ಪೋಸ್ಟ್‌ಗ್ರೆಸ್‌ನ ಬಿಟ್ರೀ ಜಿಸ್ಟ್ ಎಕ್ಸ್‌ಟೆನ್ಷನ್ (ಸೇರ್ಪಡೆ) ಹಾಕಿ, ಕೊಠಡಿ ಐಡಿ ಸಮವಿದ್ದರೆ ಸಮಯದ ರೇಂಜ್ ಒಂದರ ಮೇಲೊಂದು ಬೀಳಬಾರದು ಎಂಬ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್. ರದ್ದಾದವನ್ನು ವೇರ್ ಹಾಕಿ ಹೊರಗಿಡಿ. ರೇಂಜ್‌ನ ಆರಂಭ ಸೇರಿ, ಅಂತ್ಯ ಬಿಟ್ಟು ಇರಲಿ. ಇಲ್ಲದಿದ್ದರೆ 10ಕ್ಕೆ ಮುಗಿಯುವುದೂ 10ಕ್ಕೆ ಶುರುವಾಗುವುದೂ ಜಗಳಕ್ಕೆ ಬೀಳುತ್ತವೆ. ಇದಕ್ಕೆ ನಾಟ್ ವ್ಯಾಲಿಡ್ ಇಲ್ಲ, ಕನ್‌ಕರೆಂಟ್ಲಿಯೂ ಇಲ್ಲ. 30 ಲಕ್ಷ ಬುಕಿಂಗ್‌ಗಳಿಗೆ ಎರಡು ನಿಮಿಷದಷ್ಟು ಬೇಕೆಂದು ಪ್ರತಿಯ ಮೇಲೆ ಅಳೆದುಕೊಂಡು, ಓಡಾಟ ತೀರಾ ಕಡಿಮೆ ಇರುವ ಹೊತ್ತಿಗೆ ಮೊದಲೇ ತಿಳಿಸಿ ನಿಲ್ಲಿಸಿಯೇ ಹಾಕಿದೆ.

ಪೇಮೆಂಟ್ ಮೊತ್ತದ ಕಾಲಂ ಡಬಲ್ ಪ್ರಿಸಿಷನ್ (ದಶಮಾಂಶವನ್ನು ಅಂದಾಜಾಗಿ ಇಡುವ ಟೈಪ್) ಆಗಿತ್ತು. 0.1ಕ್ಕೆ 0.2 ಕೂಡಿದರೆ 0.30000000000000004 ಬರುವ ಆ ಟೈಪ್‌ನಲ್ಲಿ ಹಣ ಇಟ್ಟರೆ ಲೆಕ್ಕ ತಾಳೆಯಾಗುವುದಾದರೂ ಹೇಗೆ? ನಿಖರವಾಗಿ ಇಡುವ ನ್ಯೂಮೆರಿಕ್ 12,2ಕ್ಕೆ (ಒಟ್ಟು 12 ಅಂಕಿ, ಅದರಲ್ಲಿ ದಶಮಾಂಶ 2) ನೇರವಾಗಿ ಟೈಪ್ ಬದಲಿಸಿದರೆ ಇಡೀ ಟೇಬಲ್ ಮತ್ತೆ ಬರೆಯಲ್ಪಡುತ್ತದೆ, ಅಷ್ಟೂ ಹೊತ್ತು ಲಾಕ್. ಹಾಗಾಗಿ ಹೊಸ ಕಾಲಂ, ಅದನ್ನು ತುಂಬುವ ಟ್ರಿಗರ್ (ತಾನಾಗಿ ಓಡುವ ಕೋಡ್) ಮೊದಲು, ಹಳೆಯ ರೋಗಳು ಬ್ಯಾಚ್‌ನಲ್ಲಿ ಆಮೇಲೆ, ಕೊನೆಗೆ ಹೆಸರು ಅದಲುಬದಲು. ನಕಲು ಪ್ರತಿಯ ಮೇಲೆ ಒಂದೇ ಅಪ್‌ಡೇಟ್‌ನಲ್ಲಿ ಎಲ್ಲವನ್ನೂ ಮಾಡಿ ನೋಡಿದಾಗ 6 ಜಿಬಿ ಟೇಬಲ್ 12 ಜಿಬಿ ಆಗಿ ಕೂತಿತು, ಏಕೆಂದರೆ ಪ್ರತಿ ಅಪ್‌ಡೇಟ್ ರೋನ ಹೊಸ ಪ್ರತಿಯನ್ನೇ ಬರೆಯುತ್ತದೆ. ಸತ್ತ (ಬಳಕೆ ತಪ್ಪಿದ ಹಳೆಯ) ಪ್ರತಿಗಳನ್ನು ತೆರವು ಮಾಡುವ ಆಟೋವ್ಯಾಕ್ಯೂಮ್‌ನ ಸ್ಕೇಲ್ ಫ್ಯಾಕ್ಟರ್ ಡೀಫಾಲ್ಟ್ 0.2, ಅಂದರೆ 4 ಕೋಟಿಗೆ 80 ಲಕ್ಷ ಸತ್ತ ರೋ ಸೇರುವವರೆಗೆ ಅದು ಏಳುವುದೇ ಇಲ್ಲ. ಆ ಟೇಬಲ್‌ಗೆ ಮಾತ್ರ 0.01 ಇಟ್ಟೆ.

ಖರ್ಚಿನ ಲೆಕ್ಕ ಬಂದದ್ದು ಇಂಡೆಕ್ಸ್‌ಗಳಿಂದ. ‘ದೊಡ್ಡ ಮಷೀನ್ ತಗೊಳ್ಳಿ’ ಎಂಬ ಸಲಹೆಗೆ ಬಿಲ್ ಎರಡು ಪಟ್ಟಾಗುತ್ತಿತ್ತು. ಸ್ಕ್ಯಾನ್ ಎಣಿಕೆ ಸೊನ್ನೆ ಇದ್ದ (ಯಾವ ಕ್ವೆರಿಯೂ ಬಳಸದ) 9 ಇಂಡೆಕ್ಸ್ ತೆಗೆದ ಮೇಲೆ ಬರೆಯುವ ಹೊರೆ ಇಳಿದು, ಇದ್ದ ಮಷೀನ್‌ಗಿಂತ ಒಂದು ಮೆಟ್ಟಿಲು ಚಿಕ್ಕದಕ್ಕೇ ಬಂದೆವು, ಬಿಲ್ ಸುಮಾರು ಅರ್ಧ. ಎಚ್ಚರ: ರೆಪ್ಲಿಕಾದ (ನಕಲು ಸರ್ವರ್‌ನ) ಎಣಿಕೆ ಬೇರೆಯೇ ಇರುತ್ತದೆ, ಅಲ್ಲೂ ನೋಡಿ. ಯೂನಿಕ್ ಇಂಡೆಕ್ಸ್‌ನ ಎಣಿಕೆ ಸೊನ್ನೆಯಿದ್ದರೂ ಅದು ಕಾವಲು ಕೆಲಸ ಮಾಡುತ್ತಿರುತ್ತದೆ, ಮುಟ್ಟಬೇಡಿ. ಈ ನಡುವೆ ಪೇಮೆಂಟ್‌ನ ದಿನಾಂಕಕ್ಕೆ ಬಿಟ್ರೀ (ಪ್ರತಿ ರೋಗೂ ನಮೂದು ಇಡುವ ಮಾಮೂಲಿ ಇಂಡೆಕ್ಸ್) ಬದಲು ಬ್ರಿನ್ (ಬ್ಲಾಕ್‌ಗಳ ಗುಂಪಿಗೆ ಕನಿಷ್ಠ-ಗರಿಷ್ಠ ಮಾತ್ರ ಇಡುವುದು) ಹಾಕಿ ನೋಡಿದೆ: 850 ಎಂಬಿ ಇದ್ದದ್ದು 200 ಕೆಬಿ! ತಿಂಗಳ ವರದಿಗೆ ಸೊಗಸು. ಆದರೆ ಹಳೆಯ ರೋಗಳನ್ನು ಅಪ್‌ಡೇಟ್ ಮಾಡಿದಷ್ಟೂ ಅವು ಡಿಸ್ಕ್‌ನಲ್ಲಿ ಬೇರೆಡೆಗೆ ಸರಿದು ದಿನಾಂಕದ ಕ್ರಮ ಕೆಡುತ್ತದೆ, ಬ್ರಿನ್ ಹೆಚ್ಚು ಹೆಚ್ಚು ಬ್ಲಾಕ್ ಓದತೊಡಗುತ್ತದೆ. ಈಗ ಬ್ರಿನ್ ಅನ್ನು, ಒಮ್ಮೆ ಸೇರಿಸಿದ ರೋ ಬದಲಾಗದ ಲಾಗ್ ಟೇಬಲ್‌ಗೆ ಮಾತ್ರ ಇಟ್ಟಿದ್ದೇನೆ.

ಬ್ಯಾಕಪ್ ಮರಳಿ ತುಂಬುವಾಗ ಕೀಗಳೆಲ್ಲ ಕೊನೆಯಲ್ಲಿ ಮತ್ತೆ ಪರೀಕ್ಷೆಯಾಗುವುದರಿಂದ 50 ನಿಮಿಷದ ಕೆಲಸ 80 ನಿಮಿಷವಾಯಿತು. ಮರಳಿ ತುಂಬುವ ಸಾಧನ ಪಿಜಿ ರಿಸ್ಟೋರ್‌ಗೆ 4 ಜಾಬ್ (ಒಟ್ಟಿಗೆ ಓಡುವ ಕೆಲಸಗಳು) ಕೊಟ್ಟ ಮೇಲೆ 35ಕ್ಕೆ ಇಳಿಯಿತು. ಎರಡು ಚೆಕ್ ಇನ್ನೂ ನಾಟ್ ವ್ಯಾಲಿಡ್ ಆಗಿಯೇ ಇವೆ, ಅವುಗಳ ಹಳೆಯ ರೋಗಳ ತೀರ್ಮಾನ ಆಗಬೇಕು. ಮರೆತುಹೋಗದಂತೆ ಎಲ್ಲ ಕನ್‌ಸ್ಟ್ರೇಂಟ್‌ಗಳ ದಾಖಲೆ ಇರುವ ಪಿಜಿ ಕನ್‌ಸ್ಟ್ರೇಂಟ್ ಕ್ಯಾಟಲಾಗ್‌ನಲ್ಲಿ ವ್ಯಾಲಿಡೇಟ್ ಆಗದವನ್ನು ಪಟ್ಟಿ ಮಾಡುವ ಕ್ವೆರಿಯನ್ನು ವಾರಕ್ಕೊಮ್ಮೆ ಓಡಿಸುತ್ತೇನೆ.