ಎನ್ ಅಂದ್ರೆ ನಾಪೋಕ್ಲು

"ಸಾರ್, ಎಮ್ಮಾ, ಎನ್ನಾ?"

ಕೊಡಗಿನ ಕಕ್ಕಬೆ ಹತ್ತಿರದ ಒಂದು ಕಾಫಿ ಎಸ್ಟೇಟಿನ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತರು, ಫೋನಿನಲ್ಲಿ ಕೂಗುತ್ತಿದ್ದರು. ಅವರ ಕಂಪ್ಯೂಟರ್ ಇರುವುದು ಒಳಗಿನ ಆಫೀಸ್ ರೂಮಿನಲ್ಲಿ. ಮೊಬೈಲ್ ಸಿಗ್ನಲ್ ಇರುವುದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಹಾಗಾಗಿ ನಾನು ಮಡಿಕೇರಿಯ ಅಂಗಡಿಯಿಂದ ಹೇಳಿದ್ದನ್ನು ಅವರು ಜಗಲಿಯಿಂದ ಕೂಗಬೇಕು, ಒಳಗೆ ಕೂತ ಹುಡುಗಿ ಟೈಪ್ ಮಾಡಬೇಕು. ಮಧ್ಯೆ ಹಂಚಿನ ಮೇಲೆ ಜುಲೈ ತಿಂಗಳ ಮಳೆ. ಎಂ, ಎನ್ ಬಿಡಿ, ಪಿ, ಬಿ, ಡಿ, ಟಿ ಎಲ್ಲ ಒಂದೇ ಥರ ಕೇಳಿಸುತ್ತಿತ್ತು.

"ಎನ್ ಅಂದ್ರೆ ನಾಪೋಕ್ಲು!" ಅಂತ ನಾನೂ ಕೂಗಿದೆ. ಅಲ್ಲಿಂದ ಶುರುವಾಯಿತು ನೋಡಿ. ಈಗ ನನ್ನ ಹತ್ತಿರ ಪೂರ್ತಿ ಊರಿನ ಅಕ್ಷರಮಾಲೆಯೇ ಇದೆ. ಎಂ ಮಡಿಕೇರಿ, ಪಿ ಪೊನ್ನಂಪೇಟೆ, ಬಿ ಭಾಗಮಂಡಲ, ಸಿ ಚೆಟ್ಟಳ್ಳಿ, ಡಿ ದುಬಾರೆ, ಟಿ ತಿತಿಮತಿ, ಎಸ್ ಸೋಮವಾರಪೇಟೆ, ಜಿ ಗೋಣಿಕೊಪ್ಪ, ಕೆ ಕುಶಾಲನಗರ, ವಿ ವಿರಾಜಪೇಟೆ, ಎ ಅಮ್ಮತ್ತಿ. ಆರ್‌ಗೆ ರಾಜಾಸೀಟ್. ಎಲ್‌ಗೆ ಊರು ನೆನಪಾಗದೆ ಲೈನ್‌ಮನೆ (ಎಸ್ಟೇಟ್ ಕೂಲಿಯವರ ಸಾಲುಮನೆ) ಅಂತ ಇಟ್ಟೆ. ಡಬ್ಲ್ಯುಗೆ ಏನೂ ಸಿಗಲಿಲ್ಲ. ಅದರ ಹೆಸರೇ ಅಷ್ಟುದ್ದ ಇರುವುದರಿಂದ ಯಾರೂ ತಪ್ಪು ಕೇಳಿಸಿಕೊಳ್ಳುವುದಿಲ್ಲ.

ನನ್ನದು ಕಂಪ್ಯೂಟರ್ ಸರ್ವಿಸ್ ಕೆಲಸ. ಗಿರಾಕಿಗಳಲ್ಲಿ ಜಾಸ್ತಿ ಜನ ಎಸ್ಟೇಟಿನವರು, ಹೋಮ್‌ಸ್ಟೇಯವರು. ಬೇಸಿಗೆಯಲ್ಲಿ ಬೈಕ್ ಹತ್ತಿ ಹೋದರೆ ಮುಗಿಯಿತು. ಮಳೆಗಾಲದಲ್ಲಿ ಹಾಗಲ್ಲ. ಭಾಗಮಂಡಲದಲ್ಲಿ ನೀರು ಏರಿದರೆ ನಾಪೋಕ್ಲು ಕಡೆಯ ರಸ್ತೆ ಮುಳುಗುತ್ತದೆ. ಎಲ್ಲೋ ಒಂದು ಕಡೆ ಮರ ಬಿದ್ದಿರುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ ಮೇಲಂತೂ, ಫೋನಿನಲ್ಲೇ ಆಗುವ ಕೆಲಸಕ್ಕೆ ಹೊರಡಬಾರದು ಅಂತ ತೀರ್ಮಾನ ಮಾಡಿದೆ. ದೂರದಿಂದಲೇ ಸ್ಕ್ರೀನ್ ನೋಡುವ ಸಾಫ್ಟ್‌ವೇರ್ ಇದೆಯಲ್ಲ ಅಂತ ಕೇಳುತ್ತಾರೆ. ಇದೆ. ಅದಕ್ಕೆ ನೆಟ್ ಬೇಕು. ಅರ್ಧಕ್ಕರ್ಧ ಜನ ಫೋನ್ ಮಾಡುವುದೇ ನೆಟ್ ಇಲ್ಲ ಅಂತ.

ಮೊದಮೊದಲು ನಾನೂ ಎಲ್ಲರ ಹಾಗೆ, "ಸ್ಟಾರ್ಟ್ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಎಡಗಡೆ ನೋಡಿ" ಅನ್ನುತ್ತಿದ್ದೆ. ಒಬ್ಬರ ಹತ್ತಿರ ವಿಂಡೋಸ್ 7, ಇನ್ನೊಬ್ಬರ ಹತ್ತಿರ 10, ಮಗ ಬೆಂಗಳೂರಿಂದ ತಂದುಕೊಟ್ಟ ಲ್ಯಾಪ್‌ಟಾಪಲ್ಲಿ 11. ಒಂದರಲ್ಲಿ ಎಡಗಡೆ ಇದ್ದದ್ದು ಇನ್ನೊಂದರಲ್ಲಿ ಇರುವುದೇ ಇಲ್ಲ. "ಅಂಥದ್ದೇನೂ ಕಾಣ್ತಿಲ್ಲಪ್ಪ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿತ್ತು. ರನ್ ಬಾಕ್ಸ್ ಮಾತ್ರ ವಿಂಡೋಸ್ 95ರಿಂದ ಹಾಗೇ ಇದೆ. ಆಲ್ಟ್ ಪಕ್ಕ ಕಿಟಕಿ ಚಿತ್ರ ಇರುವ ಕೀ ಹಿಡಿದುಕೊಂಡು ಆರ್ ಒತ್ತಿದರೆ ಮೂಲೆಯಲ್ಲಿ ಸಣ್ಣ ಬಾಕ್ಸ್ ಬರುತ್ತದೆ. ಅದೇ ರನ್ ಬಾಕ್ಸ್. ಅಲ್ಲಿ ಬೇಕಾದ ಕಿಟಕಿಯ ಹೆಸರು ಬರೆದು ಎಂಟರ್ ಹೊಡೆದರೆ ಆಯಿತು. ಮೆನು ಎಲ್ಲಿಗೇ ಹೋಗಲಿ, ಹೆಸರು ಬದಲಾಗಿಲ್ಲ. ಮೌಸ್ ಕೆಟ್ಟಿದ್ದರೂ ಬಾಗಿಲು ತೆರೆಯುತ್ತದೆ.

ಈ ಹೆಸರುಗಳಲ್ಲಿ ಕೆಲವಕ್ಕೆ ಬಾಲ ಇದೆ, ಅದರಲ್ಲಿ ಎರಡು ಬಗೆ. ಹಳೆಯ ಕಂಟ್ರೋಲ್ ಪ್ಯಾನೆಲ್‌ನ ತುಂಡುಗಳೆಲ್ಲ ಡಾಟ್ ಸಿ-ಪಿ-ಎಲ್. ಆಡಳಿತದ ದೊಡ್ಡ ಕಿಟಕಿಗಳೆಲ್ಲ ಡಾಟ್ ಎಂ-ಎಸ್-ಸಿ. ನನ್ನ ಭಾಷೆಯಲ್ಲಿ ಚೆಟ್ಟಳ್ಳಿ-ಪೊನ್ನಂಪೇಟೆ-ಲೈನ್‌ಮನೆ, ಮಡಿಕೇರಿ-ಸೋಮವಾರಪೇಟೆ-ಚೆಟ್ಟಳ್ಳಿ. ಕಂಡಕ್ಟರ್ ಬಸ್ ರೂಟ್ ಕೂಗಿದ ಹಾಗಿದೆ ಅಂತ ನನ್ನ ಹೆಂಡತಿ ನಗುತ್ತಾಳೆ.

ಯಾರಿಗೇ ಆಗಲಿ ಮೊದಲು ಬರೆಸುವುದು ಡಬ್ಲ್ಯು-ಐ-ಎನ್-ವಿ-ಇ-ಆರ್. ಯಾವ ವಿಂಡೋಸ್ ಅಂತ ಹೇಳುವ ಪುಟ್ಟ ಕಿಟಕಿ ಅಷ್ಟೇ, ಅಲ್ಲಿ ಏನನ್ನೂ ಕೆಡಿಸಲು ಆಗುವುದಿಲ್ಲ. ನನಗೆ ವರ್ಷನ್ ಗೊತ್ತಾಗುತ್ತದೆ, ಅವರಿಗೆ ಕೈ ಪಳಗುತ್ತದೆ. ಈಗೀಗ ಇನ್ನೊಂದು ಕಾರಣಕ್ಕೂ ಬರೆಸುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆ ಮಾತನ್ನು ಕಿಟಕಿ ಎದುರಿಗೇ ಇರುವಾಗ ಹೇಳಿದರೆ ಕಿವಿಗೆ ಹೋಗುತ್ತದೆ.

ಆ ದಿನ ನೆಟ್ ಇಲ್ಲ ಅಂತ ಫೋನ್ ಮಾಡಿದ್ದ ರೈಟರಿಗೆ ನಾನು ಬರೆಸುತ್ತಿದ್ದದ್ದು ಎನ್-ಸಿ-ಪಿ-ಎ, ಡಾಟ್, ಸಿ-ಪಿ-ಎಲ್. ಮೊದಲ ಸಲ ಎಂ ಹೊಡೆದರು, ಎರಡನೇ ಸಲ ಪಿ ಬದಲು ಬಿ. ಎರಡೂ ಸಲ ವಿಂಡೋಸ್ "ಹಾಗಂತ ಏನೂ ಸಿಗಲಿಲ್ಲ" ಅಂತ ಬಾಕ್ಸ್ ತೋರಿಸಿತು. ಅದೂ ಒಳ್ಳೆಯದೇ. ಇಲ್ಲಿ ಅಕ್ಷರ ತಪ್ಪಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮೂರನೇ ಸಲಕ್ಕೆ ಕಿಟಕಿ ತೆರೆಯಿತು. ಕಂಪ್ಯೂಟರಿನಲ್ಲಿರುವ ನೆಟ್ ದಾರಿಗಳೆಲ್ಲ ಅಲ್ಲಿ ಸಾಲಾಗಿ ಕಾಣುತ್ತವೆ: ಕೇಬಲ್ ಚುಚ್ಚುವ ಲ್ಯಾನ್ ಒಂದು (ವಿಂಡೋಸ್ ಅದನ್ನು ಈಥರ್ನೆಟ್ ಅನ್ನುತ್ತದೆ), ವೈಫೈ ಇದ್ದರೆ ಅದೊಂದು. "ಈಥರ್ನೆಟ್ ಅಂತ ಇದೆ, ಅದರ ಮೇಲೆ ಕೆಂಪು ಇಂಟು ಇದೆ ಸಾರ್." ಬೂದು ಬಣ್ಣಕ್ಕೆ ತಿರುಗಿದ್ದರೆ ಯಾರೋ ಆಫ್ ಮಾಡಿದ್ದಾರೆ ಅಂತ, ಎನೇಬಲ್ ಕೊಟ್ಟರೆ ಸಾಕು. ಕೆಂಪು ಇಂಟು ಅಂದರೆ ಆ ತುದಿಯಿಂದ ಏನೂ ಬರುತ್ತಿಲ್ಲ. ಕೇಬಲ್ ಕಿತ್ತು ಹಾಕಿಸಿದೆ, ಬೇರೆ ಕೇಬಲ್ ಹಾಕಿಸಿದೆ, ರೂಟರಿನ ಬೇರೆ ತೂತಿಗೆ ಚುಚ್ಚಿಸಿದೆ. ಇಂಟು ಹೋಗಲಿಲ್ಲ. ಹಿಂದಿನ ರಾತ್ರಿ ಸಿಡಿಲಿತ್ತಾ ಅಂತ ಕೇಳಿದೆ. "ಇತ್ತಾ? ಟಿವಿ ಕೂಡ ಹೋಗಿದೆ!" ಲ್ಯಾನ್ ಪೋರ್ಟ್ ಸುಟ್ಟಿತ್ತು. ಯುಎಸ್‌ಬಿಗೆ ಹಾಕುವ ಲ್ಯಾನ್ ಅಡಾಪ್ಟರ್ ಒಂದನ್ನು ಸಂಜೆಯ ಬಸ್ಸಲ್ಲಿ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದೆ. ನಾನು ಹೋಗಿದ್ದರೂ ಮೊದಲು ಇಷ್ಟೇ ಕಂಡುಹಿಡಿದು, ಅಡಾಪ್ಟರಿಗೆ ವಾಪಸ್ ಬರಬೇಕಿತ್ತು.

ಬಟವಾಡೆ ದಿನ ಬರುವ ಫೋನೇ ಬೇರೆ. ಕೂಲಿಯವರು ಹೊರಗೆ ಕಾಯುತ್ತಿರುತ್ತಾರೆ, ಪಟ್ಟಿ ಪ್ರಿಂಟ್ ಆಗುತ್ತಿಲ್ಲ. ಒಂದು ಪ್ರಿಂಟ್ ಸಿಕ್ಕಿಹಾಕಿಕೊಂಡಿದೆ, ಬರಲಿಲ್ಲವಲ್ಲ ಅಂತ ಇವರು ಹತ್ತು ಸಲ ಮತ್ತೆ ಕೊಟ್ಟಿದ್ದಾರೆ. ಅದಕ್ಕೆ ನನ್ನ ದಾರಿ ಹೀಗೆ. ರನ್ ಬಾಕ್ಸಿನಲ್ಲಿ ಸರ್ವಿಸಸ್ ಅಂತ ಬರೆದು ಡಾಟ್ ಎಂ-ಎಸ್-ಸಿ. ಉದ್ದದ ಪಟ್ಟಿ ಬರುತ್ತದೆ. ಅದನ್ನು ಉರುಳಿಸುತ್ತಾ ಹುಡುಕಬೇಕಿಲ್ಲ. ಪಟ್ಟಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಬೇಗ ಬೇಗ ಪ್ರಿಂಟ್ ಅಂತ ಟೈಪ್ ಮಾಡಿದರೆ ಆ ಕಡೆಗೆ ತಾನೇ ಹಾರುತ್ತದೆ. ಪ್ರಿಂಟುಗಳನ್ನು ಸಾಲಾಗಿ ನಿಲ್ಲಿಸಿ ಪ್ರಿಂಟರಿಗೆ ಕಳಿಸುವ ಪ್ರಿಂಟ್ ಸ್ಪೂಲರ್ ಅನ್ನುವುದನ್ನು ಸ್ಟಾಪ್ ಮಾಡಿಸುತ್ತೇನೆ. ಆಮೇಲೆ ಮತ್ತೆ ರನ್ ಬಾಕ್ಸ್, ಈ ಸಲ ಬರೀ ಎಸ್-ಪಿ-ಓ-ಓ-ಎಲ್. ಒಂದು ಫೋಲ್ಡರ್ ತೆರೆಯುತ್ತದೆ. ಒಳಗೆ ಪ್ರಿಂಟರ್ಸ್ ಅಂತ ಇನ್ನೊಂದು. ಅನುಮತಿ ಕೇಳಿದರೆ ಕಂಟಿನ್ಯೂ. ಅದರೊಳಗೆ ಇರುವುದೆಲ್ಲ ಆ ಸಿಕ್ಕಿಬಿದ್ದ ಪ್ರಿಂಟುಗಳೇ. ಎಲ್ಲ ಅಳಿಸಿ, ಸ್ಪೂಲರ್ ಮತ್ತೆ ಸ್ಟಾರ್ಟ್. ಪ್ರಿಂಟರ್ಸ್ ಫೋಲ್ಡರಿನ ಒಳಗಿದ್ದದ್ದನ್ನು ಮಾತ್ರ ಅಳಿಸಬೇಕು, ಪಕ್ಕದ ಫೋಲ್ಡರುಗಳನ್ನಲ್ಲ. ಇದನ್ನು ನಾನು ಎರಡು ಸಲ ಹೇಳಿ, ಅವರ ಬಾಯಿಂದ ಒಂದು ಸಲ ಹೇಳಿಸುತ್ತೇನೆ. ಅಳಿಸಲು ಬಿಡುವುದಿಲ್ಲ ಅಂತ ಬಂದರೆ ಸ್ಪೂಲರ್ ಇನ್ನೂ ನಿಂತಿಲ್ಲ ಅಂತ ಅರ್ಥ.

ಹೋಮ್‌ಸ್ಟೇ ನಡೆಸುವ ಆಂಟಿಯೊಬ್ಬರದ್ದು ಬೇರೆ ಕಥೆ. ಮಳೆಗಾಲ ಪೂರ್ತಿ ಮುಚ್ಚಿ ಸೆಪ್ಟೆಂಬರಿನಲ್ಲಿ ಕಂಪ್ಯೂಟರ್ ಆನ್ ಮಾಡಿದ್ದಾರೆ. ಬ್ಯಾಂಕಿನ ಸೈಟ್ ತೆರೆದರೆ "ಸಂಪರ್ಕ ಸುರಕ್ಷಿತವಲ್ಲ" ಅಂತ ಕೆಂಪು ಬರಹ. ಮೇಲ್ ಕೂಡ ಹಾಗೇ. ವೈರಸ್ ಅಂತ ಹೆದರಿ, ಅಕೌಂಟಲ್ಲಿ ದುಡ್ಡಿದೆಯೋ ಇಲ್ಲವೋ ಅಂತ ಬ್ಯಾಂಕಿಗೇ ಹೋಗಿ ನೋಡಿ ಬಂದಿದ್ದರು ಪಾಪ. ನಾನು ಬರೆಸಿದ್ದು ಟೈಮ್‌ಡೇಟ್, ಎರಡೂ ಸೇರಿಸಿ, ಡಾಟ್ ಸಿ-ಪಿ-ಎಲ್. ತಾರೀಖು ಎಷ್ಟೋ ವರ್ಷ ಹಿಂದಿನದು! ಸೈಟು ಅಸಲಿ ಅಂತ ಬ್ರೌಸರಿಗೆ ತೋರಿಸುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಕಂಪ್ಯೂಟರಿನ ಗಡಿಯಾರ ಅದಕ್ಕಿಂತ ಹಿಂದೆ ಇದ್ದರೆ ಬ್ರೌಸರ್ ಒಪ್ಪುವುದಿಲ್ಲ. ಆ ಗಡಿಯಾರ ನಡೆಸುವ ಒಳಗಿನ ಬಿಲ್ಲೆ ಸೆಲ್ ಸತ್ತಿತ್ತು, ಅಷ್ಟೇ. ತಿಂಗಳುಗಟ್ಟಲೆ ಪ್ಲಗ್ ಕಿತ್ತಿಟ್ಟರೆ ಹಳೆಯ ಸೆಲ್ ಬೇಗ ಮುಗಿಯುತ್ತದೆ. ಸಿಆರ್2032 ಅಂತ ಕೇಳಿದರೆ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಆಂಟಿ ಆಮೇಲೆ ಒಂದು ಬಾಟಲಿ ಜೇನು ಕಳಿಸಿದರು.

ಎಲ್ಲ ಫೋನಲ್ಲೇ ಆಗುತ್ತದೆ ಅಂತಲ್ಲ. ಅಮ್ಮತ್ತಿ ಕಡೆಯ ಪ್ಲಾಂಟರ್ ಒಬ್ಬರು, "ನೀನು ಹಾಕಿದ ರ‍್ಯಾಮ್ ಸರಿಯಿಲ್ಲ, ದಿನಾ ಸಂಜೆ ತಾನಾಗೇ ಆಫ್ ಆಗ್ತದೆ" ಅಂತ ಜಗಳಕ್ಕೇ ಬಂದರು. ಅಲ್ಲಿಗೆ ನಾನೇ ಹೋದೆ. ಇವೆಂಟ್ ಅಂತ ಬರೆದು, ಬಿಡದೆ ವಿ-ಡಬ್ಲ್ಯು-ಆರ್ ಸೇರಿಸಿದರೆ ಕಂಪ್ಯೂಟರಿನ ದಿನಚರಿ ತೆರೆಯುತ್ತದೆ. ವಿಂಡೋಸ್ ಲಾಗ್ಸ್, ಅದರಲ್ಲಿ ಸಿಸ್ಟಮ್. ಕರ್ನಲ್ ಪವರ್ 41 ಅನ್ನುವ ಕೆಂಪು ಸಾಲುಗಳು ಸಾಕಷ್ಟಿದ್ದವು. ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಎದ್ದಿದೆ ಅನ್ನುವುದಕ್ಕೆ ಅದು ಗುರುತು. ಆದರೆ ಒಂದು ಸೂಕ್ಷ್ಮ ಇದೆ. 41 ದಾಖಲಾಗುವುದು ಮತ್ತೆ ಆನ್ ಆದಾಗ. ಆಫ್ ಆದ ಹೊತ್ತು ಬೇಕಿದ್ದರೆ 6008 ನಂಬರಿನ ಸಾಲು ತೆರೆದು ಓದಬೇಕು. ಓದಿದೆ. ಆರು ಗಂಟೆ ಐದು ನಿಮಿಷ, ಆರು ಗಂಟೆ ಎಂಟು ನಿಮಿಷ, ಆರು ಗಂಟೆ ನಾಲ್ಕು ನಿಮಿಷ. ಚೀಟಿಯಲ್ಲಿ ಬರೆದು ಅವರ ಮುಂದಿಟ್ಟು, "ಆರು ಗಂಟೆಗೆ ಇಲ್ಲಿ ಏನು ಆನ್ ಮಾಡ್ತೀರಿ ಸಾರ್?" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅದು ಮಾರ್ಚ್ ತಿಂಗಳು. ಕಾಫಿ ಹೂ ಅರಳಿಸುವ ಹೂಮಳೆ ಬಂದಿರಲಿಲ್ಲ, ದಿನಾ ಸಂಜೆ ಆರಕ್ಕೆ ಸ್ಪ್ರಿಂಕ್ಲರ್ ಮೋಟಾರ್. ಮೋಟಾರ್ ಎದ್ದ ಕೂಡಲೇ ವೋಲ್ಟೇಜ್ ಕುಸಿಯುತ್ತದೆ, ಯುಪಿಎಸ್ ಬ್ಯಾಟರಿಗೆ ಬದಲಾಗುತ್ತದೆ, ಆ ಬ್ಯಾಟರಿ ಪೂರ್ತಿ ಸತ್ತಿದೆ. 12 ವೋಲ್ಟಿನ ಹೊಸ ಬ್ಯಾಟರಿ ಹಾಕಿದ ಮೇಲೆ ನನ್ನ ರ‍್ಯಾಮ್ ಸರಿಹೋಯಿತು!

ನನ್ನದೂ ತಪ್ಪಾಗಿದೆ, ಹೇಳಿಬಿಡುತ್ತೇನೆ. ಎಂಎಸ್ ಮತ್ತು ಕಾನ್ಫಿಗ್ ಸೇರಿಸಿ ಬರೆಯುವ ಕಮಾಂಡ್ ಇದೆಯಲ್ಲ, ಅದರ ಬೂಟ್ ಅನ್ನುವ ಪುಟದಲ್ಲಿ ಸೇಫ್ ಬೂಟ್ ಅಂತ ಒಂದು ಟಿಕ್ ಇದೆ. ಅದನ್ನು ಹಾಕಿದರೆ, ತೆಗೆಯುವವರೆಗೂ ಪ್ರತಿ ಸಲ, ತೀರಾ ಬೇಕಾದದ್ದನ್ನು ಮಾತ್ರ ಓಡಿಸುವ ಸೇಫ್ ಮೋಡಿನಲ್ಲೇ ಏಳುತ್ತದೆ. ಸಿದ್ದಾಪುರದ ಒಬ್ಬರ ಲ್ಯಾಪ್‌ಟಾಪಿಗೆ ನಾನು ಟಿಕ್ ಹಾಕಿ, ರಿಪೇರಿ ಮುಗಿಸಿ, ಟಿಕ್ ತೆಗೆಯದೆ ಕೊಟ್ಟುಬಿಟ್ಟೆ. ಅವರು ಬಸ್ಸಿಳಿದು ಮನೆಗೆ ಹೋಗಿ ಆನ್ ಮಾಡಿದರೆ ನಾಲ್ಕು ಮೂಲೆಯಲ್ಲೂ ಸೇಫ್ ಮೋಡ್ ಅಂತ ಬರಹ, ವೈಫೈ ಇಲ್ಲ, ಅಕ್ಷರ ದಪ್ಪ ದಪ್ಪ. "ರಿಪೇರಿಗೆ ಕೊಟ್ಟು ಹಾಳು ಮಾಡಿಸಿಕೊಂಡೆ" ಅಂದರು. ಫೋನಲ್ಲೇ ಟಿಕ್ ತೆಗೆಸಿದೆ, ದುಡ್ಡು ವಾಪಸ್ ಕೊಟ್ಟೆ. ಅದೇ ಪುಟದ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್ ಸಂಖ್ಯೆ ಆರಿಸಿದರೆ ಕಂಪ್ಯೂಟರ್ ಫಾಸ್ಟ್ ಆಗುತ್ತದೆ ಅಂತ ಕೆಲವು ಹುಡುಗರು ನಂಬಿದ್ದಾರೆ. ಅದು ಸುಳ್ಳು. ಆ ಆಯ್ಕೆ ಇರುವುದು ಕಡಿಮೆ ಮಾಡುವುದಕ್ಕೆ. ಮುಟ್ಟಬೇಡಿ.

ಡಿಸ್ಕ್ ಹೆಸರಿಗೆ ಎಂ-ಜಿ-ಎಂ-ಟಿ ಸೇರಿಸಿ ಡಾಟ್ ಎಂ-ಎಸ್-ಸಿ ಬರೆದರೆ ಹಾರ್ಡ್ ಡಿಸ್ಕುಗಳ ನಕ್ಷೆ ಬರುತ್ತದೆ. ಪೆನ್‌ಡ್ರೈವ್ ಕಾಣುತ್ತಿಲ್ಲ ಅಂದಾಗ ಉಪಯೋಗ. ಅದನ್ನು ಮಾತ್ರ ನಾನು ಫೋನಲ್ಲಿ ತೆರೆಸುವುದಿಲ್ಲ. ಅಲ್ಲಿ ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸುವ ಫಾರ್ಮ್ಯಾಟ್ ಅನ್ನುವ ಪದ ತುಂಬಾ ಕೈಗೆಟುಕುವ ಹಾಗಿದೆ. ಬೇಡದ ಪ್ರೋಗ್ರಾಂ ತೆಗೆಯಲು ಎ-ಪಿ-ಪಿ-ಡಬ್ಲ್ಯು-ಐ-ಝಡ್, ಡಾಟ್, ಸಿ-ಪಿ-ಎಲ್. ಜಾಗ ತುಂಬಿದ್ದರೆ ಸಿ-ಎಲ್-ಇ-ಎ-ಎನ್-ಎಂ-ಜಿ-ಆರ್. ಇವೆರಡರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ, ತೆರೆದರೆ ಅರ್ಥವಾಗುತ್ತದೆ. ಒಮ್ಮೆ ಬರೆದ ಹೆಸರು ರನ್ ಬಾಕ್ಸಿಗೆ ನೆನಪಿರುತ್ತದೆ. ಮುಂದಿನ ಸಲ ಕೆಳಗಿನ ಬಾಣದ ಕೀ ಒತ್ತಿದರೆ ಸಾಕು.

ಒಂದು ವಿಷಯ ಮಾತ್ರ ಎಲ್ಲರಿಗೂ ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ನಾನು ಮಾಡುವ ಇದೇ ಕೆಲಸವನ್ನು ಕಳ್ಳರೂ ಮಾಡುತ್ತಾರೆ. ದೊಡ್ಡ ಕಂಪನಿಯಿಂದ ಅಂತ ಫೋನ್ ಮಾಡಿ, ಇವೆಂಟ್ ದಿನಚರಿ ತೆರೆಸಿ, "ನೋಡಿ ಎಷ್ಟು ಕೆಂಪು ಇದೆ, ವೈರಸ್" ಅನ್ನುತ್ತಾರೆ. ಆ ಕೆಂಪು ಸಾಲುಗಳು ಆರೋಗ್ಯವಾಗಿರುವ ಕಂಪ್ಯೂಟರಿನಲ್ಲೂ ಇರುತ್ತವೆ, ನನ್ನದರಲ್ಲೂ ಇವೆ. ಈಚೆಗೆ ಇನ್ನೊಂದು ಥರ ಬಂದಿದೆ. ಯಾವುದೋ ಸೈಟಿನಲ್ಲಿ, ನೀವು ರೋಬೋಟ್ ಅಲ್ಲ ಅಂತ ತೋರಿಸಲು ವಿಂಡೋಸ್ ಕೀ ಮತ್ತು ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಹೊಡೆಯಿರಿ ಅಂತ ಬರುತ್ತದೆ. ನಿಮಗೆ ಗೊತ್ತಿಲ್ಲದೆ ಒಂದು ಉದ್ದದ ಕಮಾಂಡನ್ನು ಅವರು ಮೊದಲೇ ಕಾಪಿ ಮಾಡಿಟ್ಟಿರುತ್ತಾರೆ. ಎಂಟರ್ ಹೊಡೆದರೆ ಕಳ್ಳ ಒಳಗೆ. ಅದಕ್ಕೇ ನನ್ನ ಗಿರಾಕಿಗಳಿಗೆ ಒಂದೇ ಕಟ್ಟುನಿಟ್ಟು: ಆ ಬಾಕ್ಸಿನಲ್ಲಿ ಪೇಸ್ಟ್ ಮಾಡುವ ಹಾಗಿಲ್ಲ, ನಾನು ವಾಟ್ಸಾಪಲ್ಲಿ ಕಳಿಸಿದ್ದನ್ನೂ ಮಾಡುವ ಹಾಗಿಲ್ಲ. ತಾನಾಗಿ ಫೋನ್ ಮಾಡಿದವನು ಹೇಳಿದ್ದನ್ನು ಬರೆಯುವ ಹಾಗೂ ಇಲ್ಲ. ನೀವೇ ನನಗೆ ಫೋನ್ ಮಾಡಿ, ನಾನು ಒಂದೊಂದೇ ಅಕ್ಷರ ಹೇಳುತ್ತೇನೆ.

ಕಳೆದ ಜೂನಿನಲ್ಲಿ ಕಕ್ಕಬೆಯ ರೈಟರ್ ಮತ್ತೆ ಫೋನ್ ಮಾಡಿದ್ದರು. ಹಿಂದೆ ಅದೇ ಮಳೆ, ಅದೇ ಹಂಚಿನ ಸದ್ದು. ನಾನು ಬಾಯಿ ತೆರೆಯುವ ಮೊದಲೇ, "ಸಾರ್, ನಾಪೋಕ್ಲು-ಚೆಟ್ಟಳ್ಳಿ-ಪೊನ್ನಂಪೇಟೆ-ಅಮ್ಮತ್ತಿ ತೆಗೆದು ನೋಡಿಯಾಯ್ತು. ಕೆಂಪು ಇಂಟು ಇದೆ. ಕೇಬಲೂ ಬದಲಾಯಿಸಿದೆ. ಮೂರೂವರೆ ಬಸ್ಸಿಗೆ ಅಡಾಪ್ಟರ್ ಹಾಕಿ, ಕಂಡಕ್ಟರಿಗೆ ನಾನು ಹೇಳಿಟ್ಟಿದ್ದೀನಿ" ಅಂದರು.